ಟ್ರೇಲರ್ ಎಳೆಯೋಕೆ ಎಷ್ಟು ದೊಡ್ಡ ಪಿಕಪ್ ಬೇಕು?

ಕಳೆದ ವರ್ಷ ರಾಜ್ಯೋತ್ಸವಕ್ಕೆ ಇನ್ನು ಎರಡು ದಿನ ಇತ್ತು. ಆಲ್ಟಮಾಂಟ್ ಪಾಸ್ ಇಳಿಯುತ್ತಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಲಿವರ್‌ಮೋರ್‌ಗೂ ನಮ್ಮ ಟ್ರೇಸಿಗೂ ಮಧ್ಯೆ ಇರುವ ಗುಡ್ಡದ ದಾರಿ ಇದು. ಗುಡ್ಡದ ತುಂಬ ಗಾಳಿಯಂತ್ರಗಳು ನಿಂತಿವೆ ಅಂದಮೇಲೆ ಅಲ್ಲಿ ಗಾಳಿ ಹೇಗಿರುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ಗೆಳೆಯನ ಚಿಕ್ಕ ಎಸ್‌ಯುವಿ, ಅದರ ಹಿಂದೆ ಬಾಡಿಗೆಗೆ ತಂದ 5 ಅಡಿ ಅಗಲ, 8 ಅಡಿ ಉದ್ದದ ತೆರೆದ ಟ್ರೇಲರ್. ಅದರಲ್ಲಿ ನಮ್ಮ ಕನ್ನಡ ಕೂಟದ ಸ್ಟೇಜಿನ ಕಬ್ಬಿಣದ ಫ್ರೇಮುಗಳು, ಎರಡು ಸ್ಪೀಕರ್, ಬಿಸಿಬೇಳೆ ಬಾತ್‌ಗೆ ಅಂತ ದೊಡ್ಡ ದೊಡ್ಡ ಪಾತ್ರೆಗಳು. ಗಂಟೆಗೆ 65 ಮೈಲಿ ವೇಗ. ಪಕ್ಕದಲ್ಲಿ ಹೆಂಡತಿ, ಹಿಂದೆ ಕಾರ್ ಸೀಟಿನಲ್ಲಿ ಮೂರು ವರ್ಷದ ಮಗಳು.

ಮೊದಲು ಕನ್ನಡಿಯಲ್ಲಿ ಟ್ರೇಲರ್ ಸ್ವಲ್ಪ ಎಡಕ್ಕೆ ಹೋದ ಹಾಗೆ ಕಂಡಿತು. ಆಮೇಲೆ ಬಲಕ್ಕೆ. ನಾಲ್ಕನೇ ಸಲಕ್ಕೆ ಅದು ನಮ್ಮ ಗಾಡಿಯ ಹಿಂಭಾಗವನ್ನೇ ಎತ್ತಿ ಎತ್ತಿ ಎಸೆಯತೊಡಗಿತು. ಹೆಂಡತಿ ಮೇಲಿನ ಹಿಡಿಕೆ ಹಿಡಿದು ಸುಮ್ಮನೆ ಕೂತಿದ್ದಳು. ಅವಳು ಸುಮ್ಮನಾದಳು ಅಂದರೆ ವಿಷಯ ಗಂಭೀರ. ನಾನು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಬ್ರೇಕ್ ಒತ್ತಲಿಲ್ಲ, ಸ್ಟೀರಿಂಗ್ ನೇರ ಹಿಡಿದುಕೊಂಡೆ. ಅಂಥ ಹೊತ್ತಲ್ಲಿ ಮಾಡಬೇಕಾದದ್ದು ಅದೇ ಅಂತ ಆಮೇಲೆ ಓದಿ ತಿಳಿಯಿತು. ಆದರೆ ನಾನು ಮಾಡಿದ್ದು ಜ್ಞಾನದಿಂದಲ್ಲ, ಭಯಕ್ಕೆ ಕೈಕಾಲು ಮರಗಟ್ಟಿದ್ದರಿಂದ. ವೇಗ 45ಕ್ಕೆ ಇಳಿದಾಗ ಓಲಾಟ ನಿಂತಿತು. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಅವತ್ತು ರಾತ್ರಿ ತಿಪಟೂರಿಗೆ ವಿಡಿಯೋ ಕಾಲ್. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಕಬ್ಬಿಣ ಎಲ್ಲಿ ಹಾಕಿದ್ದೆ, ಮುಂದಕ್ಕೋ ಹಿಂದಕ್ಕೋ?” ಹಿಂದಕ್ಕೆ, ಮೊದಲು ಇಳಿಸೋಕೆ ಸುಲಭ ಆಗಲಿ ಅಂತ, ಅಂದೆ. “ಅಲ್ಲ ಕಣೋ, ತೆಂಗಿನಕಾಯಿ ಹೇರಿದ ಗಾಡಿ ಮೇಲೆ ಕೂತು ಬೆಳೆದೋನು ನೀನು. ಹಿಂಭಾರ ಆದ್ರೆ ಮೂಕಿ ಎದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತೆ ಅಂತ ಗೊತ್ತಿಲ್ವಾ?”

ಗೊತ್ತಿತ್ತು. ಎತ್ತಿನ ಗಾಡಿಗೆ ಗೊತ್ತಿತ್ತು, ಟ್ರೇಲರ್‌ಗೆ ಅನ್ವಯ ಆಗುತ್ತೆ ಅಂತ ಹೊಳೆದಿರಲಿಲ್ಲ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಮೆಕ್ಯಾನಿಕ್ಸ್‌ನಲ್ಲಿ ಒಳ್ಳೇ ಮಾರ್ಕ್ಸೇ ಬಂದಿತ್ತು, ಬಿಡಿ.

ಕೂಟದಲ್ಲಿ ವಿಷಯ ಹಬ್ಬಿದ ಮೇಲೆ ಸಲಹೆಗಳ ಸುರಿಮಳೆ. ಎಲ್ಲರದ್ದೂ ಒಂದೇ ಮಾತು: “ಗುರು, ದೊಡ್ಡ ಟ್ರಕ್ ತಗೋ. ಎಫ್-150 ತಗೊಂಡ್ರೆ ಇದೆಲ್ಲ ತಲೆನೋವೇ ಇರಲ್ಲ.” ನಮ್ಮ ಹಳೇ ಸೆಡಾನ್ ಬದಲಿಸುವ ಕಾಲವೂ ಬಂದಿತ್ತು. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಮಧ್ಯೆ ಯಾರಾದರೂ ಮನೆ ಬದಲಿಸಿದರೆ ಅದು, ಎಲ್ಲ ಸೇರಿ ವರ್ಷಕ್ಕೆ ಹದಿನೈದು ಸಲ ನಾನು ಟ್ರೇಲರ್ ಎಳೆಯಬಹುದು. ಉಳಿದ ದಿನ ಆಫೀಸು, ಡೇಕೇರ್, ಇಂಡಿಯನ್ ಸ್ಟೋರ್. ಅಂದರೆ ಹುಡುಕಬೇಕಾದ್ದು ಉಳಿದ 350 ದಿನಕ್ಕೆ ಸರಿಹೋಗುವ ಗಾಡಿಯನ್ನು, ಆ ಹದಿನೈದು ದಿನ ಕುಟುಂಬವನ್ನು ಗುಡ್ಡ ಇಳಿಸಿ ಕ್ಷೇಮವಾಗಿ ಮನೆ ಸೇರಿಸುವ ಗಾಡಿಯನ್ನು. ಸ್ಪ್ರೆಡ್‌ಶೀಟ್ ತೆಗೆದೆ. ನಮ್ಮ ಕಸುಬಿನವರಿಗೆ ಬೇರೇನು ಬರುತ್ತೆ?

ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರುವ ಎಳೆಯುವ ಸಾಮರ್ಥ್ಯದ ಸಂಖ್ಯೆ ಸುಳ್ಳೇನಲ್ಲ. ಎಸ್‌ಎಇ ಜೆ2807 ಅನ್ನುವ ಮಾನದಂಡ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಸುಮಾರು ಹನ್ನೊಂದೂವರೆ ಮೈಲಿ ಏರುದಾರಿಯಲ್ಲಿ ಏಸಿ ಹಾಕಿಕೊಂಡು ಟ್ರೇಲರ್ ಎಳೆಯುವ ಪರೀಕ್ಷೆಯೂ ಅದರಲ್ಲಿದೆ. ಆದರೆ ಆ ಲೆಕ್ಕದಲ್ಲಿ ಗಾಡಿಯಲ್ಲಿ ಕೂತಿರೋದು ತಲಾ 150 ಪೌಂಡಿನ ಇಬ್ಬರು ಮಾತ್ರ. ಮಗು, ಕಾರ್ ಸೀಟು, ಹಿಂದಿನ ತೊಟ್ಟಿಯಲ್ಲಿ ಅಕ್ಕಿ ಮೂಟೆ, ಯಾವುದೂ ಇಲ್ಲ.

ನೀವು ನೋಡಬೇಕಾದ್ದು ಡ್ರೈವರ್ ಬಾಗಿಲು ತೆರೆದಾಗ ಚೌಕಟ್ಟಿನಲ್ಲಿ ಕಾಣುವ ಹಳದಿ ಅಂಚಿನ ಸ್ಟಿಕ್ಕರ್. ಜನ ಮತ್ತು ಸರಕು ಸೇರಿ ಇಷ್ಟು ಕಿಲೋ ಅಥವಾ ಇಷ್ಟು ಪೌಂಡ್ ದಾಟಬಾರದು ಅಂತ ಅದರ ಮೇಲೆ ಬರೆದಿರುತ್ತೆ. ಇದೇ ಪೇಲೋಡ್. ಒಂದೇ ಮಾಡೆಲ್ಲಿನ ಎರಡು ಗಾಡಿಗಳಿಗೆ ಬೇರೆ ಬೇರೆ ಸಂಖ್ಯೆ ಇರಬಹುದು. ಸನ್‌ರೂಫು, ದೊಡ್ಡ ಚಕ್ರ, ಮೋಟಾರ್ ಸೀಟು ಅಂತ ಐಷಾರಾಮಿ ಏರಿದಷ್ಟೂ ಗಾಡಿಯ ಸ್ವಂತ ತೂಕ ಏರಿ ಇದು ಇಳಿಯುತ್ತೆ. ಟ್ರೇಲರ್‌ನ ಮೂಕಿ ಗಾಡಿಯ ಕೊಕ್ಕೆಯ ಮೇಲೆ ಕೆಳಕ್ಕೆ ಒತ್ತುವ ಭಾರವೂ ಇದೇ ಪೇಲೋಡ್‌ನಲ್ಲೇ ಕಳೆಯಬೇಕು. ಇಲ್ಲಿನವರು ಅದಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಟ್ರೇಲರ್ ಮತ್ತು ಅದರ ಸರಕಿನ ಒಟ್ಟು ತೂಕದಲ್ಲಿ ಇದು ಶೇ 10ರಿಂದ 15 ಇರಬೇಕು. ಕಡಿಮೆಯಾದರೆ ಆಲ್ಟಮಾಂಟ್‌ನಲ್ಲಿ ನನಗಾದ ಹಾಗೆ ಬಾಲ ಬೀಸುತ್ತೆ. ಜಾಸ್ತಿಯಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತೆ.

ಒಂದು ದೊಡ್ಡ ಟ್ರಕ್ ನೋಡೋಕೆ ಹೋಗಿದ್ದೆ. ಎಲ್ಲ ಸೌಲಭ್ಯ ತುಂಬಿದ್ದ ಗಾಡಿ. ಜಾಹೀರಾತಿನಲ್ಲಿ 9,000 ಪೌಂಡ್ ಎಳೆಯುತ್ತೆ ಅಂತಿತ್ತು, ಬಾಗಿಲಿನ ಸ್ಟಿಕ್ಕರ್‌ನಲ್ಲಿ 1,380 ಪೌಂಡ್. ಲೆಕ್ಕ ಹಾಕಿ: 9,000ಕ್ಕೆ ಶೇ 13 ಅಂದರೆ ಕೊಕ್ಕೆಯ ಮೇಲೇ 1,170 ಪೌಂಡ್. ಉಳಿದದ್ದು 210. ನಾನು, ಹೆಂಡತಿ, ಮಗಳು ಕೂತರೆ 360. ಅಂದರೆ ಆ 9,000 ಪೌಂಡನ್ನು ಎಳೆಯಬೇಕಾದರೆ ಸಂಸಾರವನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಮಾರುವವನಿಗೆ ಇದನ್ನು ಹೇಳಿದೆ. ಅವನು ಸ್ಟಿಕ್ಕರನ್ನು ಮೊದಲ ಸಲ ನೋಡುವವನ ಹಾಗೆ ಬಗ್ಗಿ ನೋಡಿದ.

ಇನ್ನು ನನ್ನ ಟ್ರೇಲರ್. ಖಾಲಿ ಇದ್ದಾಗ ಸುಮಾರು 700 ಪೌಂಡ್, ಕೂಟದ ಸಾಮಾನು 900. ಒಟ್ಟು 1,600 ಪೌಂಡ್, ನಮ್ಮ ಲೆಕ್ಕದಲ್ಲಿ 725 ಕಿಲೋ. ಇಷ್ಟಕ್ಕೆ ಎಫ್-150 ಯಾಕೆ?

ಇಷ್ಟು ಹೊತ್ತಿಗೆ ಅಪ್ಪ ಇನ್ನೊಂದು ಪ್ರಶ್ನೆ ಇಟ್ಟಿದ್ದರು: “ನಮ್ಮ ಬೊಲೆರೊ ಪಿಕಪ್ ಥರದ್ದು ಅಲ್ಲಿ ಸಿಗಲ್ವಾ?” ಸಿಗಲ್ಲ. ಅದರ ಹಿಂದೆ ಒಂದು ಕೋಳಿ ಜಗಳ ಇದೆ. 1960ರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೆರಿಕದ ಕೋಳಿಗೆ ಸುಂಕ ಹಾಕಿದವು. ಅದಕ್ಕೆ ಪ್ರತಿಯಾಗಿ ಅಮೆರಿಕ 1964ರಿಂದ ಹೊರಗಿನಿಂದ ಬರುವ ಲಘು ಟ್ರಕ್‌ಗಳ ಮೇಲೆ ಶೇ 25 ಸುಂಕ ಹೇರಿತು. ಕೋಳಿಯ ಜಗಳ ಮರೆತುಹೋಯಿತು, ಟ್ರಕ್ ಸುಂಕ ಉಳಿಯಿತು. ಇಡೀ ಜಗತ್ತು ಓಡಿಸುವ ಟೊಯೊಟಾ ಹೈಲಕ್ಸ್ ಇಲ್ಲಿನ ಶೋರೂಮಿನಲ್ಲಿ ಕಾಣದಿರೋದಕ್ಕೆ ಇದೂ ಒಂದು ಕಾರಣ. ಅಪ್ಪನಿಗೆ ಈ ಕತೆ ಬಹಳ ಹಿಡಿಸಿತು, ಊರಲ್ಲಿ ಎಲ್ಲರಿಗೂ ಹೇಳಿದ್ದಾರಂತೆ.

ಹಾಗಾಗಿ ಉಳಿದ ಆಯ್ಕೆಗಳು ಕೆಲವೇ. ಟೊಯೊಟಾ ಟಕೋಮಾ ಮೇಲೆ ನನಗೆ ಮೊದಲಿನಿಂದ ಕಣ್ಣು. ಹಳೆಯ 2.7 ಲೀಟರ್ ನಾಲ್ಕು ಸಿಲಿಂಡರ್ ಗಾಡಿ 3,500 ಪೌಂಡ್ ಎಳೆಯುತ್ತೆ, ಎಂಜಿನ್ ಗಟ್ಟಿ. ಎರಡು ತೊಂದರೆ. ಒಂದು, ಹಳೇ ಟಕೋಮಾಗೆ ಕೇಳುವ ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತೆ. ಎರಡು, 2005ರಿಂದ 2010ರವರೆಗಿನ ಮಾಡೆಲ್‌ಗಳ ಚಾಸಿ ತುಕ್ಕಿನ ವಿಚಾರ ಕೋರ್ಟಿಗೆ ಹೋಗಿ, 2016ರಲ್ಲಿ ಕಂಪನಿ ರಾಜಿಗೆ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲೇ ಓಡಿದ ಗಾಡಿಯಾದರೆ ಅಷ್ಟು ಭಯ ಇಲ್ಲ. ಆದರೆ ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯುವ ರಾಜ್ಯದಿಂದ ಬಂದದ್ದಾದರೆ ಕೆಳಗೆ ತೂರಿ ಸುತ್ತಿಗೆಯಲ್ಲಿ ತಟ್ಟಿ ನೋಡದೆ ಮುಂಗಡ ಕೊಡಬೇಡಿ. ಹೊಸ ಟಕೋಮಾದಲ್ಲಿ ಹೈಬ್ರಿಡ್ ಇದೆ, 326 ಅಶ್ವಶಕ್ತಿ. ಅದು ಮೈಲೇಜಿಗಿಂತ ಶಕ್ತಿಗಾಗಿ ಮಾಡಿದ ಹೈಬ್ರಿಡ್. ಹೆಸರು ನೋಡಿ ಮೋಸ ಹೋಗಬೇಡಿ.

ಹೋಂಡಾ ರಿಜ್‌ಲೈನ್ ಓಡಿಸಿದಾಗ ಹೆಂಡತಿಗೆ ತುಂಬ ಇಷ್ಟವಾಯಿತು, ಕಾರಿನಷ್ಟೇ ಮೆತ್ತಗಿದೆ. ಆಲ್ ವೀಲ್ ಡ್ರೈವ್ ಇದ್ದರೆ 5,000 ಪೌಂಡ್ ಎಳೆಯುತ್ತೆ. ಮೈಲೇಜು ಮಾತ್ರ ಸರಾಸರಿ 21 ಎಂಪಿಜಿ, ಲೀಟರ್‌ಗೆ 9 ಕಿಲೋಮೀಟರ್ ಹತ್ತಿರ. ಹ್ಯುಂಡೈ ಸಾಂಟಾ ಕ್ರೂಜ್ ಚೆನ್ನಾಗಿದೆ, ನನ್ನ ಕೆಲಸಕ್ಕೆ ತೊಟ್ಟಿ ಸಣ್ಣದು ಅನ್ನಿಸಿತು.

ಕೊನೆಗೆ ನಿಂತದ್ದು ಫೋರ್ಡ್ ಮ್ಯಾವರಿಕ್ ಹೈಬ್ರಿಡ್. 2022ರ ಮಾಡೆಲ್ ಆಗಿ ಮಾರುಕಟ್ಟೆಗೆ ಬಂದ ಗಾಡಿ. 2.5 ಲೀಟರ್ ಎಂಜಿನ್ ಜೊತೆ ವಿದ್ಯುತ್ ಮೋಟಾರ್, ಒಟ್ಟು 191 ಅಶ್ವಶಕ್ತಿ. ಫ್ರಂಟ್ ವೀಲ್ ಡ್ರೈವ್ ಗಾಡಿಗೆ ಸರ್ಕಾರಿ ಪರೀಕ್ಷೆಯಲ್ಲಿ ಸರಾಸರಿ 37 ಎಂಪಿಜಿ, ಲೀಟರ್‌ಗೆ 15 ಚಿಲ್ಲರೆ ಕಿಲೋಮೀಟರ್. ಎಳೆಯೋದು 2,000 ಪೌಂಡ್. ಟರ್ಬೊ ಎಂಜಿನ್ನಿನ ಮ್ಯಾವರಿಕ್‌ಗೆ ಟೋ ಪ್ಯಾಕೇಜ್ ಹಾಕಿಸಿದರೆ 4,000. 2025ರ ಮಾಡೆಲ್‌ನಿಂದ ಹೈಬ್ರಿಡ್‌ನಲ್ಲೂ ಆಲ್ ವೀಲ್ ಡ್ರೈವ್ ಜೊತೆಗೆ 4,000ದ ಆಯ್ಕೆ ಬಂದಿದೆ.

ವರ್ಷಕ್ಕೆ 12,000 ಮೈಲಿ ಓಡಿಸಿದರೆ 21 ಎಂಪಿಜಿ ಗಾಡಿಗೆ 571 ಗ್ಯಾಲನ್ ಬೇಕು, 37ರದ್ದಕ್ಕೆ 324. ಗ್ಯಾಲನ್‌ಗೆ ನಾಲ್ಕೂವರೆ ಡಾಲರ್ ಹಿಡಿದರೆ ವರ್ಷಕ್ಕೆ 1,100 ಡಾಲರ್ ವ್ಯತ್ಯಾಸ. ಎರಡು ವರ್ಷದ ಉಳಿತಾಯದಲ್ಲಿ ಊರಿಗೆ ಹೋಗುವ ಟಿಕೆಟ್ಟಿನ ದೊಡ್ಡ ಪಾಲು ಬರುತ್ತೆ. ಈ ವಾದಕ್ಕೆ ಮನೆಯಲ್ಲಿ ತಕ್ಷಣ ಒಪ್ಪಿಗೆ ಸಿಕ್ಕಿತು.

ನಂಬಿಕೆಯ ವಿಷಯಕ್ಕೆ ಬರೋಣ. ಈ ಹೈಬ್ರಿಡ್‌ನ ಗೇರ್‌ಬಾಕ್ಸಿಗೆ ಇ-ಸಿವಿಟಿ ಅಂತ ಹೆಸರು, ಆದರೆ ಮಾಮೂಲಿ ಸಿವಿಟಿಯಲ್ಲಿರುವ ಬೆಲ್ಟ್ ಇದರಲ್ಲಿಲ್ಲ. ಪ್ಲಾನೆಟರಿ ಗೇರ್ ಮತ್ತು ಮೋಟಾರುಗಳು ಸೇರಿ ವೇಗ ಹೊಂದಿಸುತ್ತವೆ. ಇದೇ ಬಗೆಯ ವ್ಯವಸ್ಥೆಯನ್ನು ಫೋರ್ಡ್ 2004ರಲ್ಲೇ ಎಸ್ಕೇಪ್ ಹೈಬ್ರಿಡ್‌ನಲ್ಲಿ ತಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದಲ್ಲಿ ಅವು ಟ್ಯಾಕ್ಸಿಯಾಗಿ ಓಡಿದ್ದವು. ಹಾಗಂತ ಕಣ್ಣು ಮುಚ್ಚಿ ಕೊಳ್ಳೋ ಹಾಗಿಲ್ಲ. 2022ರಲ್ಲಿ ಇದೇ 2.5 ಲೀಟರ್ ಹೈಬ್ರಿಡ್ ಎಂಜಿನ್ ಇದ್ದ ಸುಮಾರು ಒಂದು ಲಕ್ಷ ಗಾಡಿಗಳನ್ನು, ಎಂಜಿನ್ ಕೆಟ್ಟರೆ ಬೆಂಕಿ ಹೊತ್ತುವ ಅಪಾಯ ಇದೆ ಅಂತ ಕಂಪನಿ ರಿಪೇರಿಗೆ ವಾಪಸ್ ಕರೆದಿತ್ತು. ಹಳೇ ಗಾಡಿ ಕೊಳ್ಳುವಾಗ ಅದರ 17 ಅಕ್ಷರದ ವಿನ್ ಸಂಖ್ಯೆಯನ್ನು ಸರ್ಕಾರದ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ, ಬಾಕಿ ಇರುವ ರೀಕಾಲ್ ಏನಾದರೂ ಇದೆಯಾ ನೋಡಿ. ಎರಡು ನಿಮಿಷದ ಕೆಲಸ, ದುಡ್ಡಿಲ್ಲ.

ಹಿಂದಿನ ಮಾಲೀಕ ಎಷ್ಟು ಎಳೆದಿದ್ದಾನೆ ಅನ್ನೋದನ್ನು ಗಾಡಿಯೇ ಹೇಳುತ್ತೆ. ಹಿಂದಿನ ಚೌಕ ಕೊಳವೆ ಇದೆಯಲ್ಲ, ಕೊಕ್ಕೆ ತೂರಿಸೋದು, ಅದರ ಒಳಗೆ ಬಣ್ಣ ಎಷ್ಟು ಉಜ್ಜಿಹೋಗಿದೆ ಅಂತ ಟಾರ್ಚ್ ಹಾಕಿ ನೋಡಿ. ಸ್ಟೀರಿಂಗ್ ಕೆಳಗೆ ಟ್ರೇಲರ್ ಬ್ರೇಕ್ ಕಂಟ್ರೋಲರ್ ಬಿಚ್ಚಿದ ಸ್ಕ್ರೂ ತೂತು ಇದೆಯಾ ನೋಡಿ. ಇದ್ದರೆ ತಪ್ಪೇನಿಲ್ಲ, ಆದರೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ರಸೀದಿ ಕೇಳಿ. ಟ್ರೇಲರ್ ಎಳೆಯುವ ಗಾಡಿಗೆ ಮ್ಯಾನುಯಲ್‌ನಲ್ಲೇ ಬೇರೆ ಸರ್ವಿಸ್ ಪಟ್ಟಿ ಇರುತ್ತೆ, ಬಹಳ ಜನ ಆ ಪುಟ ತಿರುಗಿಸಿಯೂ ನೋಡಿರಲ್ಲ.

ಮೂರು ವರ್ಷ ಹಳೆಯ, 31,000 ಮೈಲಿ ಓಡಿದ ಒಂದನ್ನು ತಗೊಂಡೆ. ಸ್ಟಿಕ್ಕರ್‌ನಲ್ಲಿ 1,400 ಪೌಂಡ್ ಆಸುಪಾಸು. ನಾವು ಮೂವರು 360, ಮೂಕಿಯ ಭಾರ 200, ತೊಟ್ಟಿಯಲ್ಲಿ 400, ಒಟ್ಟು 960. ಇನ್ನೂ ಜಾಗ ಇದೆ. ಕ್ಯಾಲಿಫೋರ್ನಿಯಾದಲ್ಲಿ ಪಿಕಪ್ ಅಂದರೆ ಸ್ವಂತಕ್ಕೆ ಓಡಿಸಿದರೂ ಕಮರ್ಷಿಯಲ್ ನಂಬರ್ ಪ್ಲೇಟು, ಜೊತೆಗೆ ತೂಕದ ಶುಲ್ಕ. ಅದನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. “ಕೊನೆಗೂ ಯೆಲ್ಲೋ ಬೋರ್ಡ್ ಗಾಡಿ ಓನರ್ ಆದೆ” ಅಂತ ತಮ್ಮ ನಕ್ಕ.

ನನ್ನ ಆಯ್ಕೆ ಎಲ್ಲರಿಗೂ ಸರಿ ಅಂತ ಹೇಳಲ್ಲ. ಮಲಗೋ ವ್ಯವಸ್ಥೆ ಇರುವ ಕ್ಯಾಂಪರ್ ಎಳೆಯುವ ಆಸೆ ಇದ್ದರೆ ಈ 2,000 ಪೌಂಡ್ ಸಾಲೋದು ಕಷ್ಟ. ಅವು ಎತ್ತರ ಬೇರೆ, ಗಾಳಿಗೆ ಗೋಡೆ ಥರ ನಿಲ್ಲುತ್ತವೆ. ಕ್ಯಾಂಪರ್ ಇರುವ ಸಹೋದ್ಯೋಗಿಯೊಬ್ಬರಿಗೆ ನಾನೇ ರಿಜ್‌ಲೈನ್ ನೋಡಿ ಅಂದೆ. ನನ್ನ ಗಾಡಿಯಲ್ಲೂ ಟ್ರೇಲರ್ ಕಟ್ಟಿದ ದಿನ 38 ಎಂಪಿಜಿ ಕೊಡುವುದು 24ಕ್ಕೆ ಇಳಿಯುತ್ತೆ. ಇನ್ನೊಂದು ಅನುಭವ: ತೊಟ್ಟಿಯಲ್ಲೇ ಅಷ್ಟು ಸಾಮಾನು ಹಿಡಿಯೋದರಿಂದ ಅರ್ಧಕ್ಕರ್ಧ ಸಲ ಟ್ರೇಲರೇ ಬೇಕಾಗುತ್ತಿಲ್ಲ.

ವೇಗದ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ಗರಿಷ್ಠ ವೇಗ 55 ಮೈಲಿ. ಅವತ್ತು ನಾನು 65ರಲ್ಲಿ ಹೋಗಿದ್ದು ಬರೀ ಅಜ್ಞಾನ ಅಲ್ಲ, ಕಾನೂನು ಮೀರಿದ್ದು ಕೂಡ. ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತೆ, 55ರಿಂದ 65ಕ್ಕೆ ಹೋದರೆ ಸುಮಾರು ಶೇ 40 ಜಾಸ್ತಿ. ಓಲಾಟದ ಅಪಾಯವೂ ವೇಗದ ಜೊತೆಗೇ ಏರುತ್ತೆ. ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ.

ಈ ಸಲ ಯುಗಾದಿಗೆ ಕಬ್ಬಿಣದ ಫ್ರೇಮುಗಳನ್ನು ಟ್ರೇಲರ್‌ನ ಅಚ್ಚಿಗಿಂತ ಮುಂದಕ್ಕೆ ಇಟ್ಟು ಬೆಲ್ಟಿನಲ್ಲಿ ಬಿಗಿದೆವು. ಹೊರಡುವ ಮುಂಚೆ ಬಚ್ಚಲು ಮನೆಯ ತೂಕದ ಯಂತ್ರವನ್ನು ಅಂಗಳಕ್ಕೆ ತಂದು, ಕೊಕ್ಕೆಯ ಎತ್ತರಕ್ಕೆ ಬರುವಷ್ಟು ಮರದ ತುಂಡು ಜೋಡಿಸಿ, ಅದರ ಮೇಲೆ ಮೂಕಿ ಇಳಿಸಿದೆ. ಅಪ್ಪ ತಿಪಟೂರಿನಿಂದ ಫೋನಿನಲ್ಲಿ ನೋಡುತ್ತಿದ್ದರು. ಅಲ್ಲಿ ರಾತ್ರಿ ಹತ್ತು ಗಂಟೆ.

“ಎಷ್ಟು ಬಂತು?”

“195 ಪೌಂಡ್, ಅಪ್ಪ. ಒಟ್ಟು 1,600ಕ್ಕೆ ಶೇ 12.”

“ಕಿಲೋದಲ್ಲಿ ಹೇಳೋ.”

“88.”

“ಸರಿ ಇದೆ, ಹೊರಡು. ನಿಧಾನ.”