ಒಣ ಸೀಮೆಯ ಮನೆಗಳಲ್ಲಿ ಮರದ ಆರೈಕೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕೃಷಿ ಹವಾಮಾನದ ವಿಂಗಡಣೆಯಲ್ಲಿ ಮಧ್ಯ ಒಣ ವಲಯಕ್ಕೆ ಸೇರಿದ್ದು, ವರ್ಷಕ್ಕೆ ಸರಾಸರಿ 450ರಿಂದ 720 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯಲ್ಲಿ ಮನೆಯೊಳಗಿನ ಮರ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬಹುಮಟ್ಟಿಗೆ ಹವೆಯೇ ತೀರ್ಮಾನಿಸುತ್ತದೆ. ಕಂಬ, ಬೋದಿಗೆ, ತೊಲೆ, ಜಂತೆಗಳ ಮೇಲೆ ಮಣ್ಣಿನ ಮಾಳಿಗೆ ಹೊತ್ತಿದ್ದ ಹಳೆಯ ಮನೆಗಳು ಒಂದೊಂದಾಗಿ ಆರ್‌ಸಿಸಿ ಮನೆಗಳಿಗೆ ಜಾಗ ಬಿಟ್ಟುಕೊಟ್ಟರೂ, ಅವುಗಳಲ್ಲಿದ್ದ ತೇಗದ ಬಾಗಿಲು, ಹೊನ್ನೆಯ ಮಂಚ, ಹಲಸಿನ ಪೆಟ್ಟಿಗೆ, ಬೇವಿನ ಮಣೆಗಳು ಅನೇಕ ಕುಟುಂಬಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಇಂಥ ಸಾಮಾನುಗಳ ಆರೈಕೆಯ ಬಗ್ಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಮಲೆನಾಡು, ಕರಾವಳಿಗಳ ತೇವವನ್ನೂ ಬೂಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಒಣಗಾಳಿ, ಕಲ್ಲುಪುಡಿಯ ಧೂಳು ಮತ್ತು ಗಡಸು ನೀರು ಮರವನ್ನು ಕೆಡಿಸುವ ಬಯಲುಸೀಮೆಯಲ್ಲಿ ಅವುಗಳಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ.

ಕಡಿದು ಹದಗೊಳಿಸಿದ ಮೇಲೂ ಮರವು ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಡುತ್ತ ಕೊಳ್ಳುತ್ತ ಇರುತ್ತದೆ; ಈ ಕೊಡುಕೊಳೆ ಸರಿದೂಗಿ ನಿಂತಾಗ ಮರದಲ್ಲಿರುವ ತೇವದ ಪ್ರಮಾಣಕ್ಕೆ ಸಮತೋಲ ತೇವಾಂಶವೆಂದು ಹೆಸರು. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ, 1988ರಿಂದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂಬ ಹೆಸರಿನಲ್ಲಿ ನಡೆಯುತ್ತಿರುವ ಬೆಂಗಳೂರಿನ ಮಲ್ಲೇಶ್ವರದ ಸಂಸ್ಥೆಯು ಅಧ್ಯಯನ ಮಾಡುವ ವಿಷಯಗಳಲ್ಲಿ ಮರದ ಈ ಗುಣವೂ ಒಂದು. ತೇವ ಕಳೆದುಕೊಂಡ ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಹಾಗೆಯೇ ಉಳಿದು ಅಡ್ಡಕ್ಕೆ ಮಾತ್ರ ಕುಗ್ಗುವುದರಿಂದ ಅಗಲವಾದ ಹಲಗೆಗಳು ಬೇಸಗೆಯಲ್ಲಿ ಬಿರುಕು ಬಿಡುತ್ತವೆ. ಇದನ್ನು ಅರಿತಿದ್ದ ಹಿಂದಿನ ಆಚಾರಿಗಳು ಬಾಗಿಲ ಹಲಗೆಯನ್ನು ಅಂಟು ಹಾಕದೆ, ಚೌಕಟ್ಟಿನಲ್ಲಿ ತೋಡಿದ ಗೆರೆಯೊಳಗೆ ಸಡಿಲವಾಗಿ ಕೂರಿಸಿ ಅದಕ್ಕೆ ಕುಗ್ಗಿ ಹಿಗ್ಗಲು ಎಡೆ ಬಿಡುತ್ತಿದ್ದರು. ಯುಗಾದಿಯ ಹೊತ್ತಿಗೆ ಕಾಣುವ ಬಿರುಕಿಗೆ ಗಟ್ಟಿಯಾದ ಲಪ್ಪ ಮೆತ್ತುವ ರೂಢಿ ವ್ಯಾಪಕವಾಗಿದ್ದರೂ ಅದು ಸರಿಯಾದ ಕ್ರಮವಲ್ಲ. ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಲಪ್ಪ ಹೊರಕ್ಕೆ ತಳ್ಳಲ್ಪಟ್ಟು ಉದುರುತ್ತದೆ, ಕೆಲವೊಮ್ಮೆ ಬಿರುಕಿನ ಅಂಚನ್ನೂ ಚಕ್ಕೆಯೆಬ್ಬಿಸುತ್ತದೆ. ಒತ್ತಿದರೆ ಬಾಗುವ ಜೇನುಮೇಣವನ್ನು ತುಂಬುವುದು ಮೇಲು, ಕೂದಲೆಳೆಯಷ್ಟರ ಬಿರುಕನ್ನು ಅದರ ಪಾಡಿಗೆ ಬಿಡುವುದು ಇನ್ನೂ ಮೇಲು.

ಹಬ್ಬದ ಮುಂಚೆ ಇಡೀ ಮನೆಯನ್ನು ಹೊರಗೆ ಹಾಕಿ ತೊಳೆಯುವ ಸಂಪ್ರದಾಯದಲ್ಲಿ ಮರಕ್ಕೆ ಹೆಚ್ಚು ಏಟು ಬೀಳುವುದು ಮೊದಲ ಒರೆಸುವಿಕೆಯಲ್ಲಿ. ಮಧುಗಿರಿಯ ಏಕಶಿಲಾ ಬೆಟ್ಟದಿಂದ ಪಾವಗಡದ ಕೋಟೆಬೆಟ್ಟದವರೆಗೆ ಹರಡಿರುವ ಕಣಶಿಲೆ ಶಿಥಿಲಗೊಂಡು ಆದ ಮಣ್ಣು ಆಷಾಢದ ಗಾಳಿಗೆ ಮನೆಯೊಳಗೆ ಬಂದು ಕೂರುತ್ತದೆ. ಅದರಲ್ಲಿರುವ ಬೆಣಚುಕಲ್ಲಿನ ಕಣಗಳು ಯಾವುದೇ ಪಾಲಿಶ್‌ಗಿಂತ ಗಟ್ಟಿಯಾಗಿರುವುದರಿಂದ ಒಣಬಟ್ಟೆಯಿಂದ ಒತ್ತಿ ಉಜ್ಜಿದರೆ ಬಟ್ಟೆಯೇ ಉಜ್ಜುಕಾಗದದ ಕೆಲಸ ಮಾಡುತ್ತದೆ. ಆದ್ದರಿಂದ ಮೆತ್ತನೆಯ ಬ್ರಷ್‌ನಿಂದ ಕೆತ್ತನೆಯ ಸಂದುಗಳ ಧೂಳನ್ನು ಮೊದಲು ಉದುರಿಸಿ, ಅನಂತರ ನೀರು ಹಿಂಡಿ ತೆಗೆದ ಬಟ್ಟೆಯನ್ನು ಮರದ ನಾರಿನ ದಿಕ್ಕಿನಲ್ಲಿ ಹಗುರವಾಗಿ ಎಳೆಯಬೇಕು. ಕೈಜಿಡ್ಡು ಕಟ್ಟಿದ ಕಡೆ ಅಂಟುವಾಳದ ಕಾಯಿಯ ನೊರೆ ಸಾಕಾಗುತ್ತದೆ. ದೇವರ ಕೋಣೆಯ ಬಾಗಿಲಿನಲ್ಲಿ ಎಣ್ಣೆಯೂ ದೀಪದ ಹೊಗೆಯೂ ಸೇರಿ ಹೆಪ್ಪುಗಟ್ಟಿದ ಕರಿಯ ಪದರಕ್ಕೆ ಟರ್ಪಂಟೈನ್ ಬೇಕಾದೀತು.

ಒರೆಸುವ ನೀರಿನ ಗುಣವೂ ಇಲ್ಲಿ ಮುಖ್ಯವಾಗುತ್ತದೆ. ಕೊಳವೆಬಾವಿಯ ಗಡಸು ನೀರು ಆರಿದಲ್ಲಿ ಲವಣದ ಬಿಳಿ ಕಲೆ ಉಳಿಯುವುದರಿಂದ, ಊರಿನ ಶುದ್ಧ ನೀರಿನ ಘಟಕದಿಂದ ತಂದ ಒಂದು ಬಿಂದಿಗೆ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಈ ಕೆಲಸಕ್ಕೆ ಬಳಸುವುದು ಒಳ್ಳೆಯದು. ಜಾಲಿ, ಮತ್ತಿಯಂಥ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ಹೇರಳವಾಗಿದ್ದು, ನೀರು ತಾಗಿದಾಗ ಅದು ಕಬ್ಬಿಣದ ಮೊಳೆಯೊಡನೆ ಸೇರಿ ಮಸಿಯಂಥ ಕಪ್ಪು ಕಲೆಯನ್ನು ಹುಟ್ಟಿಸುತ್ತದೆ. ಅರಿಶಿನ ಹಚ್ಚುವ ಹೊಸ್ತಿಲನ್ನು ನೀರಿನಿಂದ ದೂರವಿಡಿ ಎಂದು ಯಾರಿಗೂ ಹೇಳುವಂತಿಲ್ಲವಾದರೂ, ತೊಳೆದ ಕೂಡಲೇ ಬಾಗಿಲವಾಡವೂ ಹೊಸ್ತಿಲೂ ಕೂಡುವ ಮೂಲೆಯನ್ನು ಒಣಬಟ್ಟೆಯಿಂದ ಒತ್ತಿದರೆ ಮೊದಲು ಕೊಳೆಯುವ ಆ ಜಾಗ ಉಳಿದುಕೊಳ್ಳುತ್ತದೆ.

ಹಳೆಯ ಸಾಮಾನಿಗೆ ಏನನ್ನಾದರೂ ಹಚ್ಚುವ ಮುನ್ನ ಅದರ ಮೇಲಿರುವ ಪಾಲಿಶ್ ಯಾವುದೆಂದು ತಿಳಿಯಬೇಕು. ಅರಗು ಎಂಬುದು ಒಂದು ಕೀಟವು ಮರದ ಕೊಂಬೆಗಳ ಮೇಲೆ ಸ್ರವಿಸುವ ರಾಳ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ತೀಡುವುದನ್ನೇ ಫ್ರೆಂಚ್ ಪಾಲಿಶ್ ಎನ್ನುತ್ತಾರೆ. ಕಾಲಿನ ಒಳಮಗ್ಗುಲಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗೆಂದು ತಿಳಿಯಬಹುದು. ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಮೂಡುವುದು ಇಂಥ ಪಾಲಿಶ್‌ನ ದೌರ್ಬಲ್ಯ, ಹೊಸ ಪದರ ಹಳೆಯದರೊಡನೆ ಕರಗಿ ಒಂದಾಗುವುದು ಅದರ ಹೆಚ್ಚುಗಾರಿಕೆ. ಸನ್‌ಮೈಕಾ ಅಂಟಿಸಿದ ಪ್ಲೈವುಡ್‌ಗೆ ಈ ಯಾವ ಉಪಚಾರವೂ ಬೇಡ. ಅಂಚಿನಿಂದ ನೀರು ಒಳಹೋಗದಂತೆ ನೋಡಿಕೊಂಡರೆ ಆಯಿತು.

ಹುಳುಗಳ ವಿಷಯದಲ್ಲಿ ಎರಡು ಬಗೆಯ ಶತ್ರುಗಳನ್ನು ಬೇರ್ಪಡಿಸಿ ನೋಡಬೇಕು. ಗೆದ್ದಲು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುವುದರಿಂದ, ಬೀರುವಿನ ಕಾಲುಗಳ ಕೆಳಗೆ ಕಲ್ಲುಬಿಲ್ಲೆ ಇಟ್ಟು ಗೋಡೆಯಿಂದ ಒಂದು ಕೈ ಹಿಡಿಯುವಷ್ಟು ಅಂತರ ಬಿಟ್ಟರೆ ಆ ಕೊಳವೆ ಕಣ್ಣಿಗೆ ಬೀಳುತ್ತದೆ. ಕುಟ್ಟೆಹುಳುವಾದರೋ ಮರದೊಳಗೇ ಹುಟ್ಟಿ ಬೆಳೆದು, ಗುಂಡುಸೂಜಿಯಷ್ಟರ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಅದಕ್ಕೆ ಬೇಕಾದ ಪಿಷ್ಟ ಇರುವುದು ಹೊರಗಿನ ಬಿಳಿಮರದಲ್ಲಿ, ಗಟ್ಟಿಯಾದ ಚೇಗಿನಲ್ಲಲ್ಲ. ಪಾಲಿಶ್ ಇಲ್ಲದ ಮೈಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕುಡಿಸುವುದು ಇದಕ್ಕೆ ರೂಢಿಯಲ್ಲಿರುವ ಚಿಕಿತ್ಸೆ.

ಈ ಸೀಮೆಯ ಮನೆಗಳಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ನಡೆಯುವುದು ಎಣ್ಣೆಯ ಆಯ್ಕೆಯಲ್ಲಿ. ಪಾವಗಡ, ಶಿರಾ, ಮಧುಗಿರಿಗಳು ಕಡಲೆಕಾಯಿಯ ಸೀಮೆಯಾದ್ದರಿಂದ ಅಡುಗೆಮನೆಯ ಕಡಲೆಕಾಯಿ ಎಣ್ಣೆಯನ್ನೇ ಬಾಗಿಲಿಗೂ ಸವರುವುದುಂಟು; ಅಂದು ಮಿರುಗುವ ಆ ಬಾಗಿಲು ಕೆಲವೇ ವಾರಗಳಲ್ಲಿ ಧೂಳು ಕುಡಿದು ಕಪ್ಪಾಗಿ, ಕಮಟು ವಾಸನೆ ಹೊಡೆಯುತ್ತದೆ. ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕವನ್ನು ಹೀರಿ ಪರಸ್ಪರ ಬೆಸೆದು ಗಟ್ಟಿಪೊರೆಯಾಗುವ ಸಾಮರ್ಥ್ಯವನ್ನು ಅಯೋಡಿನ್ ಮೌಲ್ಯವೆಂಬ ಅಳತೆಯಿಂದ ಅಂದಾಜು ಮಾಡುತ್ತಾರೆ. ಅದು ಸುಮಾರು 130ಕ್ಕಿಂತ ಮೇಲಿರುವ ಎಣ್ಣೆಗಳು ಒಣಗುವ ಎಣ್ಣೆಗಳು. ಅಗಸೆ ಎಣ್ಣೆಯ ಮೌಲ್ಯ 170ಕ್ಕೂ ಹೆಚ್ಚು, ಕಡಲೆಕಾಯಿ ಎಣ್ಣೆಯದು 90ರ ಆಸುಪಾಸು, ಕೊಬ್ಬರಿ ಎಣ್ಣೆಯದು 10ರ ಹತ್ತಿರ. ಹೊಂಗೆ ಮತ್ತು ಬೇವಿನ ಎಣ್ಣೆಗಳೂ ಒಣಗುವ ಜಾತಿಯವಲ್ಲ, ಆದರೆ ಹುಳುಗಳಿಗೆ ಅವು ಆಗಿಬರುವುದಿಲ್ಲವಾದ್ದರಿಂದ ಬೀರುವಿನ ಹಿಂಬದಿಗೆ, ಮಂಚದ ಕಾಲಿನ ತಳಕ್ಕೆ, ಅಂದರೆ ಕೈ ತಾಗದ ಬರಿಮರಕ್ಕೆ, ಅವನ್ನು ಕಾದಿರಿಸಬಹುದು. ಪಾಲಿಶ್ ಕಳೆದುಕೊಂಡು ಬಾಯಾರಿದ ಮರಕ್ಕೆ ಕಾಯಿಸಿ ಹದಗೊಳಿಸಿದ ಅಗಸೆ ಎಣ್ಣೆಯನ್ನು ಅಷ್ಟೇ ಟರ್ಪಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, ಕಾಲು ಗಂಟೆಯ ಬಳಿಕ ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆದು, ಅದು ಆರಿದ ಮೇಲೆ ಜೇನುಮೇಣದ ಪಾಲಿಶ್ ತೀಡಬಹುದು. ಒಂದು ಪಾಲು ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆಯಿಂದ ದೂರ ತಂದು, ಮೂರು ಪಾಲು ಟರ್ಪಂಟೈನ್ ಬೆರೆಸಿದರೆ ಅದು ಸಿದ್ಧವಾಗುತ್ತದೆ. ಅಗಸೆ ಎಣ್ಣೆ ಒಣಗುವಾಗ ಶಾಖ ಹೊರಬರುವುದರಿಂದ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಅದರಲ್ಲೂ ಬೇಸಗೆಯಲ್ಲಿ, ತಾವಾಗಿಯೇ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅವನ್ನು ನೀರಿನಲ್ಲಿ ನೆನೆಸಬೇಕು, ಇಲ್ಲವೇ ಮನೆಯ ಹೊರಗೆ ಒಂದೊಂದಾಗಿ ಹರಡಿ ಪೂರ್ತಿ ಒಣಗಲು ಬಿಡಬೇಕು.