ಮರುಬಳಕೆಯ ಬಟ್ಟೆ ಮುಖಗವಸುಗಳನ್ನು ಮನೆಯಲ್ಲಿ ಒಪ್ಪವಾಗಿ, ಶುಚಿಯಾಗಿ ಇಟ್ಟುಕೊಳ್ಳುವ ಬಗೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

2020ರ ಮಾರ್ಚ್ ತಿಂಗಳಿನಲ್ಲಿ ರಾಜ್ಯದಲ್ಲಿ ಕೋವಿಡ್-19 ಸೋಂಕು ಕಾಣಿಸಿಕೊಂಡ ನಂತರ ಬಟ್ಟೆಯ ಮುಖಗವಸು ಪ್ರತಿಯೊಂದು ಮನೆಯ ವಸ್ತುವಾಯಿತು. ಸ್ವಸಹಾಯ ಸಂಘಗಳ ಮಹಿಳೆಯರು ಊರೂರುಗಳಲ್ಲಿ ಇವುಗಳನ್ನು ಹೊಲಿದು ಕೊಟ್ಟರು. ಅದೇ ವರ್ಷ ಜೂನ್ 25ರಂದು ಆರಂಭವಾದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ವಿದ್ಯಾರ್ಥಿಗಳು ಮುಖಗವಸು ಧರಿಸಿಯೇ ಹಾಜರಾದರು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್-19 ಕುರಿತ ಜಾಗತಿಕ ತುರ್ತುಸ್ಥಿತಿಯನ್ನು ಮುಕ್ತಾಯಗೊಳಿಸಿತು.

ತುರ್ತುಸ್ಥಿತಿ ಮುಗಿದರೂ ಮುಖಗವಸಿನ ಅಗತ್ಯ ಮುಗಿದಿಲ್ಲ. ಆಸ್ಪತ್ರೆಗೆ ಹೋಗುವವರು, ಶೀತ-ಕೆಮ್ಮು ಇರುವವರು, ವಯೋವೃದ್ಧರು, ಮನೆಯಲ್ಲಿ ರೋಗಿಗಳ ಆರೈಕೆ ಮಾಡುವವರು ಇಂದಿಗೂ ಇದನ್ನು ಬಳಸುತ್ತಿದ್ದಾರೆ. ಆದರೆ ಅನೇಕ ಮನೆಗಳಲ್ಲಿ ತೊಳೆದ ಮುಖಗವಸು ಮತ್ತು ಬಳಸಿದ ಮುಖಗವಸು ಒಂದೇ ಮೊಳೆಗೆ, ಒಂದೇ ಡ್ರಾಯರಿಗೆ ಸೇರಿರುತ್ತವೆ. ಯಾವುದು ಶುಚಿ, ಯಾವುದು ಅಲ್ಲ ಎಂಬುದು ನೋಡಿದರೆ ತಿಳಿಯುವುದಿಲ್ಲ. ಹೀಗಾದಲ್ಲಿ ರಕ್ಷಣೆಗೆಂದು ಇಟ್ಟುಕೊಂಡ ವಸ್ತುವೇ ಒಬ್ಬರ ಸೋಂಕನ್ನು ಮತ್ತೊಬ್ಬರ ಮೂಗು-ಬಾಯಿಗೆ ತಲುಪಿಸುವ ಸಾಧನವಾಗಬಹುದು. ಆದ್ದರಿಂದ ಈ ಪುಟದ ಮುಖ್ಯ ಸೂಚನೆ ಒಂದೇ: ಬಳಸಿದ್ದು ಮತ್ತು ತೊಳೆದದ್ದು ಎಂದಿಗೂ ಒಂದೇ ಜಾಗದಲ್ಲಿ ಸೇರಬಾರದು. ಕೆಳಕಂಡ ಎಲ್ಲಾ ಅಂಶಗಳೂ ಈ ಸೂಚನೆಯನ್ನು ಪಾಲಿಸಲು ಅನುಕೂಲವಾಗುವಂತೆ ನೀಡಲಾಗಿದೆ.

2. ಬಟ್ಟೆಯ ಮುಖಗವಸು ಎಲ್ಲಿ ಸಾಕು, ಎಲ್ಲಿ ಸಾಲದು

ಬಟ್ಟೆಯ ಮುಖಗವಸು ಮುಖ್ಯವಾಗಿ ಧರಿಸಿದವರ ಕೆಮ್ಮು, ಸೀನು ಮತ್ತು ಮಾತಿನೊಂದಿಗೆ ಹೊರಬೀಳುವ ಹನಿಗಳನ್ನು ತಡೆಯುತ್ತದೆ. ಎದುರಿನವರಿಂದ ಬರುವ ಹನಿಗಳಿಂದ ಮತ್ತು ರಸ್ತೆಯ ದಪ್ಪ ಧೂಳಿನಿಂದಲೂ ಸ್ವಲ್ಪಮಟ್ಟಿನ ರಕ್ಷಣೆ ನೀಡುತ್ತದೆ. ಆದರೆ ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳನ್ನು ಇದು ಪೂರ್ಣವಾಗಿ ತಡೆಯಲಾರದು. ಈ ಕೆಳಕಂಡ ಸಂದರ್ಭಗಳಲ್ಲಿ ಇದನ್ನು ಮಾತ್ರ ನಂಬಬಾರದು:

ಅ) ಕೀಟನಾಶಕ ಸಿಂಪಡಿಸುವಾಗ. ಔಷಧದ ಆವಿಯನ್ನು ಬಟ್ಟೆ ತಡೆಯುವುದಿಲ್ಲ. ಔಷಧ ಬಟ್ಟೆಗೆ ಹೀರಿಕೊಂಡಲ್ಲಿ ಅದು ಬಾಯಿಯ ಬಳಿಯೇ ಉಳಿಯುತ್ತದೆ. ಡಬ್ಬಿಯ ಮೇಲೆ ಸೂಚಿಸಿರುವ ರಕ್ಷಣಾ ಸಾಧನವನ್ನೇ ಬಳಸತಕ್ಕದ್ದು.

ಆ) ಕಲ್ಲು ಒಡೆಯುವ, ಕಲ್ಲು ಕೊರೆಯುವ ಕೆಲಸದಲ್ಲಿ. ಈ ಧೂಳಿನ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತವೆ.

ಇ) ಕ್ಷಯರೋಗಿಗಳ ಆರೈಕೆಯಲ್ಲಿ. ಆರೈಕೆ ಮಾಡುವವರು ಎನ್-95 ಮುಖಗವಸು ಬಳಸಬೇಕೆ ಎಂಬುದನ್ನು ವೈದ್ಯರಲ್ಲಿ ವಿಚಾರಿಸಿ ತಿಳಿಯತಕ್ಕದ್ದು.

3. ಮನೆಯಲ್ಲಿರುವ ದಾಸ್ತಾನಿನ ಪರಿಶೀಲನೆ

ಮೊದಲಿಗೆ ಬೀರು, ಕೈಚೀಲ, ವಾಹನ, ಶಾಲಾ ಬ್ಯಾಗು ಮುಂತಾದ ಎಲ್ಲಾ ಕಡೆ ಇರುವ ಮುಖಗವಸುಗಳನ್ನು ಒಂದೆಡೆ ಸೇರಿಸಿ, ಒಂದೊಂದನ್ನೇ ಈ ಕೆಳಗಿನಂತೆ ಪರಿಶೀಲಿಸುವುದು:

ಅ) ಬೆಳಕಿಗೆ ಹಿಡಿದು ನೋಡುವುದು. ಬಟ್ಟೆಯ ಎಳೆಗಳ ನಡುವೆ ಬೆಳಕು ಚುಕ್ಕೆಚುಕ್ಕೆಯಾಗಿ ಕಂಡುಬಂದಲ್ಲಿ ಬಟ್ಟೆ ಸವೆದಿದೆ ಎಂದು ತಿಳಿಯುವುದು.

ಆ) ಕಿವಿಯ ಎಲಾಸ್ಟಿಕ್ ಎಳೆದು ನೋಡುವುದು. ಜೋತುಬಿದ್ದ ಎಲಾಸ್ಟಿಕ್ಕಿನಿಂದ ಕೆನ್ನೆ ಮತ್ತು ಮೂಗಿನ ಪಕ್ಕದಲ್ಲಿ ಸಂದು ಉಳಿದು, ಉಸಿರು ಬಟ್ಟೆಯ ಮೂಲಕ ಹೋಗದೆ ಪಕ್ಕದಿಂದ ಹೋಗುತ್ತದೆ.

ಇ) ಪದರಗಳನ್ನು ಎಣಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಜೂನ್ ತಿಂಗಳಲ್ಲಿ ಮೂರು ಪದರಗಳ ಬಟ್ಟೆ ಮುಖಗವಸನ್ನು ಸೂಚಿಸಿತ್ತು: ಒಳಗೆ ತೇವ ಹೀರುವ ಹತ್ತಿ, ನಡುವೆ ಸೋಸುವ ಪದರ, ಹೊರಗೆ ತೇವ ಹೀರದ ಬಟ್ಟೆ. ಒಂದೇ ಪದರದ ಬಟ್ಟೆ ಧೂಳಿಗೆ ಮಾತ್ರ ಸಾಕು.

ಈ) ಮೂಸಿ ನೋಡುವ ಬದಲು ಕಣ್ಣಿನಿಂದ ನೋಡುವುದು. ಕಪ್ಪು ಅಥವಾ ಹಸಿರು ಬೂಷ್ಟಿನ ಚುಕ್ಕೆಗಳಿದ್ದಲ್ಲಿ ಅದನ್ನು ತೆಗೆದುಹಾಕುವುದು.

ಹೀಗೆ ಪರಿಶೀಲಿಸಿದ ನಂತರ ಮೂರು ಗುಂಪು ಮಾಡುವುದು: ತೊಳೆದು ಬಳಸಬಹುದಾದವು, ಎಲಾಸ್ಟಿಕ್ ಬದಲಿಸಿದಲ್ಲಿ ಬಳಸಬಹುದಾದವು ಮತ್ತು ವಿಲೇವಾರಿ ಮಾಡಬೇಕಾದವು. ಎಷ್ಟು ದಿನಗಳಿಂದ ಇದೆ ಎಂದು ತಿಳಿಯದ ಪ್ರತಿಯೊಂದನ್ನೂ ಬಳಸಿದ್ದು ಎಂದೇ ಭಾವಿಸಿ ತೊಳೆಯತಕ್ಕದ್ದು.

4. ಒಬ್ಬರಿಗೆ ಎಷ್ಟು ಬೇಕು

ಭಾರತ ಸರ್ಕಾರವು 2020ರಲ್ಲಿ ನೀಡಿದ ಸಲಹೆಯಲ್ಲಿ, ಒಂದನ್ನು ಒಗೆದಾಗ ಇನ್ನೊಂದು ಬಳಕೆಗೆ ದೊರೆಯುವಂತೆ ಪ್ರತಿ ವ್ಯಕ್ತಿಗೆ ಎರಡು ಮುಖಗವಸು ಇರಬೇಕೆಂದು ತಿಳಿಸಲಾಗಿತ್ತು. ಈ ಲೆಕ್ಕವು ಒಂದು ದಿನದಲ್ಲಿ ಬಟ್ಟೆ ಒಣಗುವ ಕಾಲಕ್ಕೆ ಸರಿಹೊಂದುತ್ತದೆ. ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿದಲ್ಲಿ ಮೂರು ಬೇಕಾಗುತ್ತದೆ. ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದಾಗ ಬದಲಿಸಲು ಚೀಲದಲ್ಲಿ ಹೆಚ್ಚುವರಿಯಾಗಿ ಒಂದು ಇರಬೇಕು. ಅಂದರೆ ದಿನವೂ ಮುಖಗವಸು ಧರಿಸಿ ಹೊರಹೋಗುವವರಿಗೆ ಬೇಸಿಗೆಯಲ್ಲಿ ಮೂರು, ಮಳೆಗಾಲದಲ್ಲಿ ನಾಲ್ಕು ಸಾಕು.

ಉದಾಹರಣೆಗೆ, ನಾಲ್ಕು ಜನರ ಒಂದು ಕುಟುಂಬದಲ್ಲಿ ಇಬ್ಬರು ದಿನವೂ ಬಸ್ಸಿನಲ್ಲಿ ಮುಖಗವಸು ಧರಿಸಿ ಕೆಲಸಕ್ಕೆ ಹೋಗುವವರು, ಇನ್ನಿಬ್ಬರು ಆಗಾಗ ಆಸ್ಪತ್ರೆಗೆ ಹೋಗುವ ಹಿರಿಯರು ಎಂದಿಟ್ಟುಕೊಂಡಲ್ಲಿ, ಮಳೆಗಾಲದ ಲೆಕ್ಕ ಹೀಗಾಗುತ್ತದೆ: ಇಬ್ಬರಿಗೆ ತಲಾ 4ರಂತೆ 8, ಹಿರಿಯರಿಬ್ಬರಿಗೆ ತಲಾ 2ರಂತೆ 4, ಒಟ್ಟು 12. ಇದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ. ಹೆಚ್ಚಿದಷ್ಟೂ ಒಗೆಯದ ರಾಶಿ ಬೆಳೆಯುತ್ತದೆ.

5. ಎರಡು ಜಾಗಗಳ ವ್ಯವಸ್ಥೆ

ಶುಚಿಯಾದವುಗಳ ಜಾಗ: ಪೂರ್ಣವಾಗಿ ಒಣಗಿದ ಮುಖಗವಸುಗಳನ್ನು ಮಡಚಿ, ಮುಚ್ಚಳವಿರುವ ಡಬ್ಬಿಯಲ್ಲಿ ಅಥವಾ ಒಗೆದ ಬಟ್ಟೆಯ ಚೀಲದಲ್ಲಿ ಇಡುವುದು. ಇದು ಬೀರುವಿನಲ್ಲಿ, ಮನೆಯವರೆಲ್ಲರ ಕೈಗೆ ಎಟುಕುವಂತಿರಲಿ. ನುಸಿಗುಳಿಗೆಯನ್ನು ಇದರೊಳಗೆ ಹಾಕಬಾರದು. ಅದರ ವಾಸನೆ ನೇರವಾಗಿ ಉಸಿರಿಗೆ ಸೇರುತ್ತದೆ.

ಬಳಸಿದವುಗಳ ಜಾಗ: ಬಚ್ಚಲುಮನೆಯ ಬಳಿ ಒಂದು ಬಕೆಟ್ ಅಥವಾ ಬುಟ್ಟಿಯನ್ನು ಇದಕ್ಕೆಂದೇ ಇಡುವುದು. ಹೊರಗಿನಿಂದ ಬಂದವರು ಮುಖಗವಸನ್ನು ಕಿವಿಯ ದಾರ ಹಿಡಿದು ತೆಗೆದು, ಇದರಲ್ಲಿ ಹಾಕಿ, ಕೈಗಳನ್ನು ಸೋಪಿನಿಂದ ತೊಳೆಯತಕ್ಕದ್ದು. ಬಾಗಿಲ ಮೊಳೆ, ಊಟದ ಮೇಜು, ಹಾಸಿಗೆ, ವಾಹನದ ಕನ್ನಡಿ ಇವುಗಳಲ್ಲಿ ಯಾವುದೂ ಬಳಸಿದ ಮುಖಗವಸಿನ ಜಾಗವಲ್ಲ.

ಗುರುತು: ಒಂದೇ ಬಣ್ಣದವು ಅನೇಕ ಇದ್ದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ದಾರದಿಂದ ಅಂಚಿನಲ್ಲಿ ಎರಡು ಹೊಲಿಗೆ ಹಾಕುವುದು. ಓದು ಬಾರದ ಹಿರಿಯರೂ ಚಿಕ್ಕ ಮಕ್ಕಳೂ ತಮ್ಮದನ್ನು ಗುರುತಿಸಬಲ್ಲರು. ಒಬ್ಬರದನ್ನು ಮತ್ತೊಬ್ಬರು ಬಳಸಬಾರದು.

ಹೊರಗೆ ಹೋಗುವಾಗ: ಚೀಲದಲ್ಲಿ ಎರಡು ಲಕೋಟೆಗಳಿರಲಿ, ಒಂದು ಶುಚಿಯಾದದ್ದಕ್ಕೆ, ಇನ್ನೊಂದು ಬಳಸಿದ್ದಕ್ಕೆ. ಕಾಗದದ ಲಕೋಟೆಯಾದಲ್ಲಿ ಉತ್ತಮ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಉಳಿಯುವುದರಿಂದ ಮನೆಗೆ ಬಂದ ಕೂಡಲೇ ತೆಗೆಯಬೇಕು. ಸರ್ಕಾರಿ ಕಚೇರಿಗಳಲ್ಲಿ ಅರ್ಜಿ ಸಲ್ಲಿಸುವಾಗ ಭಾವಚಿತ್ರ ತೆಗೆಯಲು ಮುಖಗವಸು ಕಳಚುವಂತೆ ಕೋರಿದಲ್ಲಿ, ಅದನ್ನು ಕೌಂಟರಿನ ಮೇಲಾಗಲಿ ದಾಖಲೆಗಳ ನಡುವೆಯಾಗಲಿ ಇಡದೆ ಲಕೋಟೆಯಲ್ಲಿ ಇಡುವುದು.

6. ತೊಳೆಯುವ ವಿಧಾನ

ಬಳಸಿದ ದಿನವೇ ತೊಳೆಯತಕ್ಕದ್ದು. ಕೆಳಕಂಡ ಕ್ರಮವನ್ನು ಅನುಸರಿಸಬಹುದು:

ಅ) ಒಳಗೆ ತೆಗೆಯಬಹುದಾದ ಸೋಸುಪದರವಿದ್ದಲ್ಲಿ ಮೊದಲು ಅದನ್ನು ಹೊರತೆಗೆಯುವುದು.

ಆ) ಸೋಪು ಮತ್ತು ಬಿಸಿನೀರಿನಲ್ಲಿ, ಮೂಗು ಮತ್ತು ಬಾಯಿ ತಾಗುವ ಒಳಭಾಗವನ್ನು ಚೆನ್ನಾಗಿ ಉಜ್ಜಿ ತೊಳೆಯುವುದು. ಬ್ರಶ್ ಬಳಸಿದಲ್ಲಿ ಎಳೆಗಳು ಸಡಿಲವಾಗುವುದರಿಂದ ಕೈಯಿಂದಲೇ ಉಜ್ಜುವುದು. ಒಗೆಯುವ ಯಂತ್ರವಿದ್ದಲ್ಲಿ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇತರ ಬಟ್ಟೆಗಳೊಂದಿಗೆ ಒಗೆಯಬಹುದು.

ಇ) ಗಡಸು ನೀರಿನಲ್ಲಿ ನೊರೆ ಬರುವುದು ಕಡಿಮೆ. ಸಂಗ್ರಹಿಸಿದ ಮಳೆನೀರು ಇದ್ದಲ್ಲಿ ಅದನ್ನು ಬಳಸಬಹುದು. ಸೋಪಿನ ಅಂಶ ಉಳಿದಲ್ಲಿ ಮುಖದಲ್ಲಿ ತುರಿಕೆ ಬರುವುದರಿಂದ, ನೀರು ತಿಳಿಯಾಗುವವರೆಗೆ ಜಾಲಿಸುವುದು.

ಈ) ಬಿಸಿಲು ಇಲ್ಲದ ದಿನಗಳಲ್ಲಿ ಅಥವಾ ಮನೆಯಲ್ಲಿ ರೋಗಿಗಳಿದ್ದಲ್ಲಿ ತೊಳೆದ ನಂತರ ಕುದಿಸುವುದು ಉತ್ತಮ. 2020ರ ಮಾರ್ಚ್‌ನಲ್ಲಿ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು ಹೊರಡಿಸಿದ ಕೈಪಿಡಿಯಲ್ಲಿ, ಪ್ರೆಶರ್ ಕುಕ್ಕರಿನಲ್ಲಿ ಕನಿಷ್ಠ 10 ನಿಮಿಷ, ಕುಕ್ಕರ್ ಇಲ್ಲದಿದ್ದಲ್ಲಿ ಪಾತ್ರೆಯಲ್ಲಿ 15 ನಿಮಿಷ ಕುದಿಸುವಂತೆ ಸೂಚಿಸಲಾಗಿತ್ತು. ನೀರಿಗೆ ಉಪ್ಪು ಸೇರಿಸಬಹುದು. ಸೋಪು ಹಚ್ಚಿದ ಬಟ್ಟೆಯನ್ನು ಕುಕ್ಕರಿಗೆ ಹಾಕಬಾರದು. ನೊರೆಯಿಂದ ಕುಕ್ಕರಿನ ಆವಿಯ ದಾರಿ ಕಟ್ಟಿಕೊಳ್ಳಬಹುದು.

ಉ) ಬ್ಲೀಚಿಂಗ್ ಪುಡಿಯನ್ನು ಬಳಸದಿರುವುದು ಕ್ಷೇಮ. ಬ್ಲೀಚಿಂಗ್ ಪುಡಿ ಮತ್ತು ಶೌಚಾಲಯ ತೊಳೆಯುವ ಆಸಿಡ್ ಬೆರೆತಲ್ಲಿ ವಿಷಾನಿಲ ಹೊರಡುತ್ತದೆ. ಈ ಎರಡನ್ನು ಯಾವ ಕಾರಣಕ್ಕೂ ಬೆರೆಸಬಾರದು.

7. ಒಣಗಿಸುವುದು ಮತ್ತು ಮಳೆಗಾಲದ ವಿಶೇಷ ಎಚ್ಚರಿಕೆ

ಮೇಲ್ಕಂಡ ಕೈಪಿಡಿಯಂತೆ, ತೊಳೆದ ಮುಖಗವಸನ್ನು ಬಿಸಿಲಿನಲ್ಲಿ ಕನಿಷ್ಠ 5 ಗಂಟೆ ಒಣಗಿಸಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಅನೇಕ ದಿನ ಸಾಧ್ಯವಾಗುವುದಿಲ್ಲ. ಅಂತಹ ದಿನಗಳಲ್ಲಿ ಮುಖಗವಸನ್ನು ಒಣ ಟವೆಲಿನಲ್ಲಿ ಸುತ್ತಿ ಹಿಂಡಿ, ಪದರಗಳ ನಡುವೆ ಗಾಳಿಯಾಡುವಂತೆ ಫ್ಯಾನಿನ ಕೆಳಗೆ ಹರಡುವುದು. ಹತ್ತಿಯ ಮುಖಗವಸನ್ನು ಇಸ್ತ್ರಿ ಮಾಡಿ ಉಳಿದ ತೇವವನ್ನು ತೆಗೆಯಬಹುದು. ಸಿಂಥೆಟಿಕ್ ಪದರವಿದ್ದಲ್ಲಿ ಬಿಸಿ ಇಸ್ತ್ರಿಯಿಂದ ಕರಗುವ ಸಂಭವವಿರುತ್ತದೆ. ಸೌದೆ ಒಲೆಯ ಮೇಲೆ ಒಣಗಿಸಬಾರದು. ಬಟ್ಟೆ ಹೀರಿದ ಹೊಗೆಯು ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ.

ಅರೆಬರೆ ಒಣಗಿದ್ದನ್ನು ಶುಚಿಯಾದವುಗಳ ಡಬ್ಬಿಗೆ ಹಾಕಿದಲ್ಲಿ ಡಬ್ಬಿಯಲ್ಲಿರುವ ಎಲ್ಲವಕ್ಕೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಎಲಾಸ್ಟಿಕ್ಕಿನ ಬುಡ ಮತ್ತು ನಡುವಿನ ಹೊಲಿಗೆಯನ್ನು ಮುಟ್ಟಿ ನೋಡಿ, ಅಲ್ಲಿಯೂ ಒಣಗಿದ್ದರೆ ಮಾತ್ರ ಒಳಗಿಡುವುದು.

8. ಮನೆಯಲ್ಲಿ ರೋಗಿಗಳಿದ್ದಲ್ಲಿ

ಕ್ಷಯ, ಫ್ಲೂ ಮುಂತಾದ ಉಸಿರಿನ ಮೂಲಕ ಹರಡುವ ಕಾಯಿಲೆ ಇರುವವರ ಮುಖಗವಸಿಗೆ ಪ್ರತ್ಯೇಕ ಬುಟ್ಟಿ ಇಡುವುದು. ಅದನ್ನು ಕೊಡವದೆ ನೇರವಾಗಿ ಸೋಪಿನ ನೀರಿಗೆ ಹಾಕಿ, ನಂತರ ಕುದಿಸುವುದು. ಕ್ಯಾನ್ಸರ್ ಚಿಕಿತ್ಸೆ, ಡಯಾಲಿಸಿಸ್ ಅಥವಾ ಅಂಗಾಂಗ ಕಸಿ ಚಿಕಿತ್ಸೆ ಪಡೆಯುತ್ತಿರುವವರಿಗೆ ರೋಗನಿರೋಧಕ ಶಕ್ತಿ ಕಡಿಮೆ ಇರುತ್ತದೆ. ಆರೋಗ್ಯವಂತರಿಗೆ ಎರಡು ದಿನದ ನೆಗಡಿಯಾಗಿ ಹೋಗುವ ಸೋಂಕು ಇವರನ್ನು ಆಸ್ಪತ್ರೆಗೆ ಸೇರಿಸಬಹುದು. ಇವರ ಬಳಿ ಹೋಗುವವರು ಅಂದೇ ಡಬ್ಬಿಯಿಂದ ತೆಗೆದ ಶುಚಿಯಾದ ಮುಖಗವಸನ್ನೇ ಧರಿಸತಕ್ಕದ್ದು. ರೋಗಿಯು ಧರಿಸಬೇಕಾದ ಮುಖಗವಸು ಯಾವುದು ಎಂಬುದನ್ನು ವೈದ್ಯರು ತಿಳಿಸುತ್ತಾರೆ.

9. ವಿಲೇವಾರಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಮಾರ್ಗಸೂಚಿಯಲ್ಲಿ, ಮನೆಗಳಲ್ಲಿ ಬಳಸಿದ ಮುಖಗವಸುಗಳನ್ನು ಕಾಗದದ ಚೀಲದಲ್ಲಿ ಕನಿಷ್ಠ 72 ಗಂಟೆ ಇಟ್ಟು, ಯಾರೂ ಮತ್ತೆ ಬಳಸದಂತೆ ಕತ್ತರಿಸಿ ಹಾಕುವಂತೆ ತಿಳಿಸಿತ್ತು. ಇದರಿಂದ ಕಸ ವಿಂಗಡಿಸುವ ಪೌರಕಾರ್ಮಿಕರಿಗೆ ರಕ್ಷಣೆ ದೊರೆಯುತ್ತದೆ. ಕಿವಿಯ ದಾರಗಳನ್ನು ಕತ್ತರಿಸುವುದರಿಂದ ಹಕ್ಕಿಗಳ ಕಾಲಿಗೆ ಸಿಲುಕುವುದೂ ತಪ್ಪುತ್ತದೆ. ಯಾವ ವಿಂಗಡಣೆಯ ಕಸದೊಂದಿಗೆ ನೀಡಬೇಕೆಂಬುದನ್ನು ಆಯಾ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಸೂಚನೆಯಂತೆ ಪಾಲಿಸುವುದು. ಚರಂಡಿ ಮತ್ತು ಶೌಚಾಲಯಕ್ಕೆ ಹಾಕಬಾರದು, ಸುಡಬಾರದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎನ್-95 ಮುಖಗವಸನ್ನು ಇದೇ ರೀತಿ ತೊಳೆಯಬಹುದೇ?
ಉತ್ತರ: ತೊಳೆಯಬಾರದು. ಸೋಪು ಮತ್ತು ನೀರಿನಿಂದ ಅದರ ಸೋಸುವ ಪದರದ ವಿದ್ಯುದಾವೇಶ ನಷ್ಟವಾಗಿ, ಸೂಕ್ಷ್ಮ ಕಣಗಳನ್ನು ಹಿಡಿಯುವ ಶಕ್ತಿ ಕುಂದುತ್ತದೆ. ಒಮ್ಮೆ ಬಳಸಿ ಬಿಸಾಡುವ ಶಸ್ತ್ರಚಿಕಿತ್ಸಾ ಮುಖಗವಸನ್ನೂ ತೊಳೆಯಬಾರದು.

ಪ್ರಶ್ನೆ: ಮುಂಭಾಗದಲ್ಲಿ ಕವಾಟ ಇರುವ ಮುಖಗವಸು ಒಳ್ಳೆಯದೇ?
ಉತ್ತರ: ಧೂಳಿನ ಕೆಲಸಕ್ಕೆ ಅನುಕೂಲ. ಆದರೆ ಧರಿಸಿದವರ ಉಸಿರು ಸೋಸದೆ ಹೊರಬರುವುದರಿಂದ ಸೋಂಕು ತಡೆಯಲು ಸೂಕ್ತವಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜುಲೈನಲ್ಲಿ ಈ ಬಗ್ಗೆ ರಾಜ್ಯಗಳಿಗೆ ಎಚ್ಚರಿಕೆ ನೀಡಿತ್ತು.

ಪ್ರಶ್ನೆ: ಚಿಕ್ಕ ಮಕ್ಕಳಿಗೆ ಹಾಕಬಹುದೇ?
ಉತ್ತರ: ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಲೇಬಾರದು, ಉಸಿರುಕಟ್ಟುವ ಅಪಾಯವಿದೆ. ಐದು ವರ್ಷದವರೆಗಿನ ಮಕ್ಕಳಿಗೆ ಒತ್ತಾಯಿಸುವ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಪ್ರಶ್ನೆ: ಸ್ಯಾನಿಟೈಸರ್ ಸಿಂಪಡಿಸಿದಲ್ಲಿ ತೊಳೆಯುವುದು ತಪ್ಪುತ್ತದೆಯೇ?
ಉತ್ತರ: ಇಲ್ಲ. ಬೆವರು, ಎಂಜಲು ಮತ್ತು ಧೂಳು ಬಟ್ಟೆಯಲ್ಲಿಯೇ ಉಳಿಯುತ್ತವೆ. ಆವಿ ಉಸಿರಿಗೆ ಸೇರುತ್ತದೆ.

11. ಕೊನೆಯದಾಗಿ

ಈ ಮಾಹಿತಿಯು ಆದೇಶವಲ್ಲ, ಸಲಹೆ ಮಾತ್ರ. ಇದನ್ನು ಪಾಲಿಸಲು ಅರ್ಜಿ, ಶುಲ್ಕ ಅಥವಾ ಹೊಸ ಖರೀದಿಯ ಅಗತ್ಯವಿರುವುದಿಲ್ಲ. ಒಂದು ಡಬ್ಬಿ, ಒಂದು ಬುಟ್ಟಿ ಮತ್ತು ಸ್ವಲ್ಪ ಬಣ್ಣದ ದಾರ ಇದ್ದಲ್ಲಿ ಸಾಕು. ಅನಾರೋಗ್ಯದ ಲಕ್ಷಣಗಳಿದ್ದಲ್ಲಿ ಅಥವಾ ಯಾವ ಮುಖಗವಸು ಸೂಕ್ತವೆಂಬ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಲು ಕೋರಿದೆ. ಮನೆಯ ಹಿರಿಯರಿಗೆ ಮತ್ತು ಓದಲು ಬಾರದವರಿಗೆ ಈ ಪುಟದ ಅಂಶಗಳನ್ನು ಓದಿ ಹೇಳುವಂತೆ ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.