ಹಕ್ಕಿಜ್ವರ: ಭಯ ತಾಟಿನ ಮೇಲೆ, ಅಪಾಯ ಕೈಯಲ್ಲಿ

2020ರ ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ ಫಾರಂ ಕೋಳಿಯ ದರ ನೆಲಕಚ್ಚಿತು. ಗೋಕಾಕ ತಾಲ್ಲೂಕಿನಲ್ಲಿ ಕೋಳಿ ಸಾಕುವವರೊಬ್ಬರು ಸುಮಾರು 6,000 ಕೋಳಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ತೋಡಿಸಿದ ಗುಂಡಿಗೆ ಜೀವಂತ ಸುರಿದು ಮಣ್ಣು ಮುಚ್ಚಿಸಿದರು. ಕಾರಣ ರೋಗವಲ್ಲ, ಆಹಾರದ ಖರ್ಚೂ ಹುಟ್ಟದಂಥ ದರ. ಅದೇ ತಿಂಗಳು ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ ನಿಜವಾದ ಹಕ್ಕಿಜ್ವರ ಪತ್ತೆಯಾಗಿತ್ತು. ಕೊರೊನಾ ಕೋಳಿಯಿಂದ ಬರುವ ರೋಗವೇ ಅಲ್ಲ. ಹಕ್ಕಿಜ್ವರ ಕೋಳಿಯಿಂದ ಬರಬಲ್ಲದು. ಜನರ ಮನಸ್ಸಿನಲ್ಲಿ ಎರಡೂ ಕಲಸಿಹೋಗಿ, ಹೆದರಬೇಕಾದಲ್ಲಿ ಹೆದರದೆ ಬೇಡದ ಕಡೆ ಹೆದರಿದ್ದಾಯಿತು.

ಘಟಪ್ರಭೆಯ ಬಯಲಿನ ಮೇಲವಂಕಿ, ಅದರ ಸುತ್ತಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಊರುಗಳಲ್ಲಿ ಕೋಳಿ ಎಂದರೆ ಬರೀ ಊಟದ ಮಾತಲ್ಲ. ಹಿತ್ತಲಲ್ಲಿ ತಿಪ್ಪೆ ಕೆದರುವ ಜವಾರಿ ಕೋಳಿ ಉಂಟು, ಹೊಲದಂಚಿನಲ್ಲಿ ಬ್ರಾಯ್ಲರ್ ಶೆಡ್ಡು ಉಂಟು, ಸಂತೆಗೆ ಹೋಗುವ ತತ್ತಿಯ ಬುಟ್ಟಿ ಉಂಟು. ಹಾಗಾಗಿ ಈ ವೈರಸ್ಸಿನ ನಡೆಯನ್ನು ತಿಳಿದುಕೊಳ್ಳುವುದು ಇಲ್ಲಿ ಆರೋಗ್ಯದ ಪ್ರಶ್ನೆಯೂ ಹೌದು, ಸಂಸಾರದ ಲೆಕ್ಕವೂ ಹೌದು.

ನೀರುಹಕ್ಕಿಯ ಹೊಟ್ಟೆಯಿಂದ

ಹಕ್ಕಿಜ್ವರ ತರುವುದು ಇನ್‌ಫ್ಲುಯೆಂಜಾ-ಎ ಜಾತಿಯ ವೈರಸ್ಸು. ಅದರ ಮೈಮೇಲೆ ಎರಡು ಬಗೆಯ ಪ್ರೋಟೀನು ಮುಳ್ಳುಗಳಿರುತ್ತವೆ. ಒಂದು ಜೀವಕೋಶಕ್ಕೆ ಅಂಟಿಕೊಳ್ಳಲು, ಇನ್ನೊಂದು ಒಳಗೆ ಮರಿಯಾದ ವೈರಸ್ಸುಗಳು ಬಿಡಿಸಿಕೊಂಡು ಹೊರಬೀಳಲು. ಮೊದಲನೆಯದನ್ನು ಎಚ್, ಎರಡನೆಯದನ್ನು ಎನ್ ಎನ್ನುತ್ತಾರೆ. ಹಕ್ಕಿಗಳಲ್ಲಿ ಎಚ್ ಮುಳ್ಳು 16ಕ್ಕೂ ಹೆಚ್ಚು ಬಗೆ, ಎನ್ ಮುಳ್ಳು 9 ಬಗೆ. ಪತ್ರಿಕೆಯಲ್ಲಿ ಕಾಣುವ ಎಚ್5ಎನ್1, ಎಚ್5ಎನ್8, ಎಚ್9ಎನ್2 ಎಲ್ಲವೂ ಈ ಮುಳ್ಳುಗಳ ಜೋಡಿಯ ಹೆಸರುಗಳು.

ಇವುಗಳ ತವರು ಕಾಡುಬಾತು, ಕಡಲಹಕ್ಕಿಯಂಥ ನೀರುಹಕ್ಕಿಗಳ ಕರುಳು. ಸಾಮಾನ್ಯವಾಗಿ ಹಕ್ಕಿಗೂ ತೊಂದರೆಯಿಲ್ಲದೆ ವೈರಸ್ಸು ಅಲ್ಲಿ ಬೆಳೆದು, ಹಿಕ್ಕೆಯ ಜೊತೆ ನೀರಿಗೆ ಇಳಿಯುತ್ತದೆ. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಬಿಸಿಲಿಗೆ, ಒಣಹವೆಗೆ ಬೇಗ ಸಾಯುತ್ತದೆ. ಚಳಿಗಾಲ ಬಂದಾಗ ಪಶುಸಂಗೋಪನಾ ಇಲಾಖೆಯವರು ಕಣ್ಣಿಟ್ಟು ಕಾಯುವುದು ಅದಕ್ಕೇ. ಗೋಕಾಕ ತಾಲ್ಲೂಕಿನ ಧೂಪದಾಳದ ಹಿನ್ನೀರಿನಲ್ಲಿರುವ ಘಟಪ್ರಭಾ ಪಕ್ಷಿಧಾಮಕ್ಕೆ ಯುರೋಪಿನ ಬಿಳಿ ಕೊಕ್ಕರೆಯಂಥ ವಲಸೆಹಕ್ಕಿಗಳು ಬರುವ ಹೊತ್ತೂ ಅದೇ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕುಲವೇ 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1ಗೆ ಸಾವಿರಗಟ್ಟಲೆ ಬಲಿಯಾಯಿತು. 2020-21ರ ಚಳಿಗಾಲದಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲೂ ಅವು ಸಾವಿರಾರು ಸತ್ತವು.

ಹಾಗೆಂದು ತಪ್ಪನ್ನೆಲ್ಲ ವಲಸೆಹಕ್ಕಿಯ ತಲೆಗೆ ಕಟ್ಟುವಂತಿಲ್ಲ. ಈಗಿನ ಮಾರಕ ಎಚ್5ಎನ್1 ಮೊದಲು ಗುರುತಿಗೆ ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತಿನಲ್ಲಿ. ಸೌಮ್ಯ ವೈರಸ್ಸು ಮಾರಕವಾಗಿ ತಿರುಗುವುದು ಹೆಚ್ಚಾಗಿ ಒತ್ತೊತ್ತಾಗಿ ಸಾಕಿದ ಕೋಳಿಗಳ ನಡುವೆಯೇ. ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದು ತತ್ತಿಯ ಟ್ರೇ, ಕೋಳಿ ತುಂಬುವ ಗಾಡಿ, ಆಳುಗಳ ಚಪ್ಪಲಿ.

ಮಾರಕವಾಗುವುದು ಹೇಗೆ?

ವೈರಸ್ಸಿನ ಎಚ್ ಮುಳ್ಳು ಹಾಗೇ ಕೆಲಸಕ್ಕೆ ಬರುವುದಿಲ್ಲ. ಕೋಳಿಯ ಮೈಯಲ್ಲಿರುವ ಯಾವುದಾದರೂ ಕಿಣ್ವ ಅದನ್ನು ಎರಡು ತುಂಡು ಮಾಡಬೇಕು, ತೆಂಗಿನಕಾಯಿ ಒಡೆದರೇ ಒಳಗಿನದು ದಕ್ಕುವ ಹಾಗೆ. ಸೌಮ್ಯ ವೈರಸ್ಸಿನ ಮುಳ್ಳನ್ನು ಒಡೆಯಬಲ್ಲ ಕಿಣ್ವಗಳು ಕರುಳು ಮತ್ತು ಉಸಿರಾಟದ ದಾರಿಯಲ್ಲಿ ಮಾತ್ರ ಇವೆ. ಹಾಗಾಗಿ ಸೋಂಕು ಅಲ್ಲಿಗೇ ನಿಲ್ಲುತ್ತದೆ. ಕೋಳಿ ತುಸು ಮಂಕಾಗಿ, ತತ್ತಿ ಕಡಿಮೆ ಇಟ್ಟು ಚೇತರಿಸಿಕೊಳ್ಳುತ್ತದೆ. ಎಚ್5 ಮತ್ತು ಎಚ್7 ಬಗೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಆ ಒಡೆಯುವ ಜಾಗದಲ್ಲೇ ಕೆಲವು ಅಮೈನೋ ಆಮ್ಲಗಳು ಹೆಚ್ಚಿಗೆ ಸೇರಿಕೊಳ್ಳುತ್ತವೆ. ಆಮೇಲೆ ಮೈಯ ಎಲ್ಲ ಜೀವಕೋಶಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವವೇ ಅದನ್ನು ಒಡೆದುಬಿಡುತ್ತದೆ. ವೈರಸ್ಸು ಹೃದಯ, ಮೆದುಳು, ಮೂತ್ರಪಿಂಡ ಎಲ್ಲ ಕಡೆ ನುಗ್ಗುತ್ತದೆ.

ಶೆಡ್ಡಿನಲ್ಲಿ ಇದು ಕಾಣುವ ಬಗೆ ಹೀಗೆ: ನಿನ್ನೆ ಚೆನ್ನಾಗಿದ್ದ ಕೋಳಿ ಇಂದು ಬೆಳಿಗ್ಗೆ ಸತ್ತಿರುತ್ತದೆ. ಉಳಿದವುಗಳ ಜುಟ್ಟು ನೀಲಿಗಟ್ಟಿ, ತಲೆ ಮುಖ ಊದಿಕೊಂಡಿರುತ್ತವೆ. ಕಾಲಿನ ಪುಕ್ಕವಿಲ್ಲದ ಭಾಗದಲ್ಲಿ ಕೆಂಪು ರಕ್ತದ ಮಚ್ಚೆಗಳು ಮೂಡುತ್ತವೆ. ತತ್ತಿ ಮೆತ್ತನೆಯ ಸಿಪ್ಪೆಯದಾಗಿ, ಆಮೇಲೆ ನಿಂತೇಹೋಗುತ್ತದೆ. ಎರಡು ಮೂರು ದಿನದಲ್ಲಿ ಶೆಡ್ಡು ಬಹುಮಟ್ಟಿಗೆ ಬರಿದಾಗಬಹುದು.

ತೊಡಕೆಂದರೆ ನಮ್ಮ ಊರಿನವರಿಗೆ ಪರಿಚಿತವಾದ ಕೊಕ್ಕರೆ ರೋಗವೂ, ಅಂದರೆ ರಾಣಿಖೇತವೂ, ಹೀಗೆಯೇ ಗುಂಪುಗುಂಪಾಗಿ ಕೊಲ್ಲುತ್ತದೆ. ಕತ್ತು ತಿರುಚುವುದು, ಹಸಿರು ಭೇದಿ ಅದರ ಗುರುತಾದರೂ ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಅನುಭವಿ ಪಶುವೈದ್ಯರಿಗೂ ಕಷ್ಟ. ಗಂಟಲು ಮತ್ತು ಗುದದ್ವಾರದಿಂದ ತೆಗೆದ ಸ್ವಾಬ್ ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆಗೆ ಹೋಗಿ, ಅಲ್ಲಿಂದ ಉತ್ತರ ಬಂದ ಮೇಲೆಯೇ ಹಕ್ಕಿಜ್ವರ ಎಂದು ಸರಕಾರ ಘೋಷಿಸುವುದು.

ಕರ್ನಾಟಕದ ದಾಖಲೆ

ಭಾರತದಲ್ಲಿ ಎಚ್5ಎನ್1 ಮೊದಲು ಕಾಣಿಸಿದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಟರ್ಕಿ ಕೋಳಿಗಳು ಸಾಯತೊಡಗಿದವು. 2016ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಮೊಳಕೇರಾದ ಫಾರಂ, 2018ರ ಜನವರಿಯಲ್ಲಿ ಬೆಂಗಳೂರಿನ ದಾಸರಹಳ್ಳಿ, 2020ರಲ್ಲಿ ಮೈಸೂರು ಮತ್ತು ಹರಿಹರ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿ ಮತ್ತು ಸಂಡೂರು ತಾಲ್ಲೂಕಿನ ಕುರೆಕುಪ್ಪ. ದೊಡ್ಡ ಫಾರಂ, ಸರಕಾರಿ ಕೇಂದ್ರ, ಮನೆಯ ಹಿತ್ತಲು, ಯಾವುದೂ ಇದಕ್ಕೆ ಹೊರತಲ್ಲ.

ರೋಗ ಖಚಿತವಾದ ಮೇಲೆ ನಡೆಯುವುದು ಕಠೋರ ಕೆಲಸ. ಮಾರಕ ಹಕ್ಕಿಜ್ವರಕ್ಕೆ ಕೋಳಿಗೆ ಲಸಿಕೆ ಹಾಕುವುದು ನಮ್ಮ ದೇಶದ ನೀತಿಯಲ್ಲ. ಕೊಂದು ಹೂಳುವುದೇ ನೀತಿ. ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರ್ ಒಳಗಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ಲುತ್ತಾರೆ, ಸುಣ್ಣ ಹಾಕಿ ಆಳವಾದ ಗುಂಡಿಯಲ್ಲಿ ಹೂಳುತ್ತಾರೆ. 10 ಕಿಲೋಮೀಟರ್‌ವರೆಗೆ ನಿಗಾ. ಮೈ ತುಂಬ ಕವಚ ತೊಟ್ಟು ಕೊಲ್ಲುವ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಒಸೆಲ್ಟಾಮಿವಿರ್ ಎಂಬ ವೈರಸ್-ನಿರೋಧಕ ಗುಳಿಗೆ ಕೊಟ್ಟು, ಜ್ವರ ಬರುತ್ತದೆಯೇ ಎಂದು ಕೆಲವು ದಿನ ನೋಡುತ್ತಾರೆ. ಕೋಳಿಯ ರೋಗಕ್ಕೆ ಮನುಷ್ಯರಿಗೇಕೆ ಗುಳಿಗೆ?

ಮನುಷ್ಯನ ಮೂಗು ದಾಟದ ವೈರಸ್ಸು

ಇನ್‌ಫ್ಲುಯೆಂಜಾ ವೈರಸ್ಸು ಜೀವಕೋಶದ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಈ ಸಕ್ಕರೆ ತನ್ನ ಕೆಳಗಿನ ಕೊಂಡಿಗೆ ಎರಡು ಬಗೆಯಲ್ಲಿ ಜೋಡಣೆಯಾಗಿರುತ್ತದೆ. ಹಕ್ಕಿಯ ವೈರಸ್ಸಿಗೆ ಬೇಕಾದ ಜೋಡಣೆ ಹಕ್ಕಿಯ ಕರುಳಿನಲ್ಲಿ ಧಾರಾಳ. ಮನುಷ್ಯನಲ್ಲಿ ಅದು ಹೆಚ್ಚಾಗಿ ಇರುವುದು ಶ್ವಾಸಕೋಶದ ತಳದಲ್ಲಿ ಮತ್ತು ಕಣ್ಣಿನ ಮೇಲಿನ ತೆಳು ಹೊದಿಕೆಯಲ್ಲಿ. ನಮ್ಮ ಮೂಗು, ಗಂಟಲಿನಲ್ಲಿ ಇನ್ನೊಂದು ಬಗೆಯ ಜೋಡಣೆಯೇ ಹೆಚ್ಚು.

ಇದರಿಂದ ಎರಡು ಪರಿಣಾಮ. ಹಕ್ಕಿಯ ವೈರಸ್ಸು ಮನುಷ್ಯನಿಗೆ ಸುಲಭವಾಗಿ ಹತ್ತುವುದಿಲ್ಲ. ಸತ್ತ ಕೋಳಿಯ ಪುಕ್ಕ ಕೀಳುವಾಗ, ಹಿಕ್ಕೆಯ ಧೂಳು ಗುಡಿಸುವಾಗ, ಬಹಳ ಪ್ರಮಾಣದ ವೈರಸ್ಸು ಉಸಿರಿನ ಜೊತೆ ಆಳಕ್ಕೆ ಇಳಿದಾಗ ಹತ್ತುವುದೇ ಹೆಚ್ಚು. ಹತ್ತಿದರೆ ಶ್ವಾಸಕೋಶದ ತಳಕ್ಕೇ ಪೆಟ್ಟು, ಹಾಗಾಗಿ ನ್ಯುಮೋನಿಯಾ ತೀವ್ರ. ಆದರೆ ಮೂಗು ಗಂಟಲಿನಲ್ಲಿ ಬೆಳೆಯದ್ದರಿಂದ ಕೆಮ್ಮು ಸೀನಿನಲ್ಲಿ ಇನ್ನೊಬ್ಬರಿಗೆ ಹೋಗುವುದು ತೀರ ಅಪರೂಪ. ಉಷ್ಣತೆಯೂ ನಮ್ಮ ಪಾಲಿಗಿದೆ. ಹಕ್ಕಿಯ ಮೈ ಸುಮಾರು 41 ಡಿಗ್ರಿ, ನಮ್ಮ ಮೂಗಿನ ಒಳಗು ಸುಮಾರು 33 ಡಿಗ್ರಿ. ಆ ತಂಪಿನಲ್ಲಿ ಹಕ್ಕಿಯ ವೈರಸ್ಸಿನ ನಕಲು ಮಾಡುವ ಯಂತ್ರ ಸರಿಯಾಗಿ ಓಡುವುದಿಲ್ಲ. ಆದರೆ ಪಿಬಿ2 ಎಂಬ ಪ್ರೋಟೀನಿನ 627ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಅದು ನಮ್ಮ ಮೈಯಲ್ಲೂ ಚೆನ್ನಾಗಿ ಓಡುತ್ತದೆ. ಸೋಂಕಿತರ ಮಾದರಿಯಲ್ಲಿ ವಿಜ್ಞಾನಿಗಳು ಮೊದಲು ಹುಡುಕುವ ಬದಲಾವಣೆಗಳಲ್ಲಿ ಇದೂ ಒಂದು.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನಕ್ಕೆ ಎಚ್5ಎನ್1 ತಗುಲಿ 6 ಜನ ಸತ್ತಾಗ ಜಗತ್ತು ಎಚ್ಚರಗೊಂಡಿತು. 2003ರಿಂದ 2025ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಬಂದ ಸೋಂಕಿತರು ಸಾವಿರಕ್ಕೆ ತುಸು ಕಡಿಮೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬದುಕಲಿಲ್ಲ. ಲಘುವಾಗಿ ಬಂದುಹೋದ ಸೋಂಕು ಲೆಕ್ಕಕ್ಕೆ ಸಿಗದ್ದರಿಂದ ಈ ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತಿರಬಹುದು. ಕೋಟ್ಯಂತರ ಕೋಳಿ ಸತ್ತ ಎರಡು ದಶಕಗಳಲ್ಲಿ ಸಾವಿರ ಜನ ಎಂದರೆ ಸೋಂಕು ಎಷ್ಟು ಅಪರೂಪ ಎಂಬುದೂ ಗೊತ್ತಾಗುತ್ತದೆ. ಭಾರತದಲ್ಲಿ ಎಚ್5ಎನ್1ನಿಂದಾದ ಮೊದಲ ಸಾವು 2021ರ ಜುಲೈನಲ್ಲಿ, ದೆಹಲಿಯ ಏಮ್ಸ್‌ನಲ್ಲಿದ್ದ ಹರಿಯಾಣದ ಒಬ್ಬ ಬಾಲಕನದು. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯಲ್ಲಿ ಕೋಳಿ ಹೆಚ್ಚುವಾಗ ಮಗು ಹಸಿ ತುಂಡೊಂದನ್ನು ತಿಂದಿತ್ತು ಎಂದು ವರದಿಯಾಯಿತು. ಬೇಯಿಸಿದ್ದನ್ನು ಉಂಡ ಮನೆಯವರಿಗೆ ಏನೂ ಆಗಲಿಲ್ಲ.

ಹಾಗಿದ್ದರೆ ವಿಜ್ಞಾನಿಗಳಿಗೆ ಚಿಂತೆ ಏಕೆ? ಈ ವೈರಸ್ಸಿನ ಜೀನುಗಳು ಎಂಟು ಬಿಡಿ ತುಂಡುಗಳಲ್ಲಿವೆ. ಒಂದೇ ಹಂದಿಯ ಅಥವಾ ಒಬ್ಬನೇ ಮನುಷ್ಯನ ಮೈಗೆ ಹಕ್ಕಿಯ ವೈರಸ್ಸೂ ಸಾಮಾನ್ಯ ಫ್ಲೂ ವೈರಸ್ಸೂ ಒಟ್ಟಿಗೆ ಹೊಕ್ಕರೆ ಆ ತುಂಡುಗಳು ಅದಲುಬದಲಾಗಿ ಹೊಸ ವೈರಸ್ಸು ಹುಟ್ಟಬಹುದು. 1957 ಮತ್ತು 1968ರ ಜಾಗತಿಕ ಫ್ಲೂ ಪಿಡುಗುಗಳು ಹೀಗೆ ಹಕ್ಕಿಯ ಜೀನು ಬೆರೆತು ಹುಟ್ಟಿದವು. ಈಗ ಸಸ್ತನಿಗಳಿಗೂ ದಾರಿ ತೆರೆದಿದೆ: 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಅಲ್ಲಿ ಕೆಚ್ಚಲೇ ವೈರಸ್ಸಿನ ಮನೆಯಾಗಿತ್ತು, ಹಸಿಹಾಲು ಕುಡಿದ ಬೆಕ್ಕುಗಳು ಸತ್ತವು, ಹಾಲು ಕರೆಯುವ ಕೆಲಸಗಾರರಿಗೆ ಕಣ್ಣು ಕೆಂಪಾಯಿತು. ಪಾಶ್ಚರೀಕರಣದ ಬಿಸಿಗೆ ವೈರಸ್ಸು ಉಳಿಯದು. ಹಾಲು ಉಕ್ಕಿಸಿ ಕಾಯಿಸುವ ನಮ್ಮ ಮನೆಗಳ ರೂಢಿಯೂ ಆ ಕೆಲಸವನ್ನೇ ಮಾಡುತ್ತದೆ.

ಊರಿನ ಮಟ್ಟದಲ್ಲಿ

ಮಾಂಸದ ಒಳಭಾಗ 70 ಡಿಗ್ರಿ ಮುಟ್ಟಿದರೆ ವೈರಸ್ಸು ಸಾಯುತ್ತದೆ. ಕುದಿಯುವ ಸಾರು 100 ಡಿಗ್ರಿಯ ಹತ್ತಿರ ಇರುತ್ತದೆ. ಎಲುಬಿನ ಬಳಿ ಕೆಂಪು ರಸ ಉಳಿಯದಂತೆ ಬೆಂದ ಕೋಳಿ, ಹಳದಿ ಗಟ್ಟಿಯಾಗುವಂತೆ ಬೇಯಿಸಿದ ತತ್ತಿ ತಿನ್ನಲು ಅಂಜಬೇಕಿಲ್ಲ. ಅಂಜಿಕೆ ಬೇಕಾದದ್ದು ಅದಕ್ಕೂ ಹಿಂದಿನ ಹಂತಗಳಲ್ಲಿ: ಹಸಿ ಮಾಂಸ ಕೊಯ್ದ ಈಳಿಗೆಯಲ್ಲೇ ಉಳ್ಳಾಗಡ್ಡಿ ಸೌತೆಕಾಯಿ ಹೆಚ್ಚುವುದು, ನಳದ ಕೆಳಗೆ ಕೋಳಿ ತೊಳೆದು ನೀರು ಸಿಡಿಸುವುದು, ಆ ಕೈಯನ್ನು ಸೋಪಿನಿಂದ ತೊಳೆಯದೆ ಮಗುವಿಗೆ ಉಣ್ಣಿಸುವುದು.

ಹಿತ್ತಲಲ್ಲಿ ಕೋಳಿ ಸತ್ತು ಬಿದ್ದರೆ ಬರಿಗೈಯಲ್ಲಿ ಎತ್ತಿ ಹಳ್ಳಕ್ಕೋ ತಿಪ್ಪೆಗೋ ಎಸೆಯುವುದು ನಮ್ಮಲ್ಲಿ ಮಾಮೂಲು. ನಾಯಿ ಎಳೆದಾಡುತ್ತದೆ, ಕಾಗೆ ಕುಕ್ಕುತ್ತದೆ. 2020ರ ಕೊನೆಯಲ್ಲಿ ರಾಜಸ್ಥಾನದಲ್ಲಿ ರೋಗದ ಸುಳಿವು ಕೊಟ್ಟದ್ದು ಸಾಲಾಗಿ ಸತ್ತ ಕಾಗೆಗಳೇ. ಕಾರಣ ಗೊತ್ತಿಲ್ಲದ ಸಾವನ್ನು ಮುಟ್ಟದೆ ಮಕ್ಕಳನ್ನು ದೂರವಿಡಬೇಕು, ಪಶು ದವಾಖಾನೆಗೆ ತಿಳಿಸಬೇಕು. 1962 ಸಂಖ್ಯೆಯ ಸಹಾಯವಾಣಿಯೂ ಇದೆ. ಎತ್ತಲೇಬೇಕಾದರೆ ಕೈಗೆ ಕೈಗವಸು, ಮುಖಕ್ಕೆ ಮಾಸ್ಕು. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬದಲಿಸುವುದು, ಜವಾರಿ ಕೋಳಿಗಳನ್ನು ಫಾರಂ ಕೋಳಿಗಳ ಹತ್ತಿರ ಬಿಡದಿರುವುದು, ಕೆರೆ ಹಿನ್ನೀರಿನ ನೀರನ್ನು ನೇರವಾಗಿ ಕುಡಿಸದಿರುವುದು, ಇವಕ್ಕೆ ದೊಡ್ಡ ಖರ್ಚಿಲ್ಲ. ಸತ್ತ ಹಕ್ಕಿ ಮುಟ್ಟಿದ ಒಂದು ವಾರ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣುರಿ ಬಂದರೆ ಡಾಕ್ಟರಿಗೆ ಕೋಳಿಯ ವಿಷಯ ತಪ್ಪದೆ ಹೇಳಬೇಕು. ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ದಿನದಲ್ಲಿ ಶುರುಮಾಡಿದಾಗ.

ಎಲ್ಲಕ್ಕಿಂತ ದೊಡ್ಡ ಅಪಾಯ ಮುಚ್ಚಿಡುವುದರಲ್ಲಿದೆ. ನಾಲ್ಕು ಕೋಳಿ ಸತ್ತವೆಂದರೆ ಕೊಕ್ಕರೆ ರೋಗ ಇರಬೇಕೆಂದು, ಉಳಿದವು ಸಾಯುವ ಮೊದಲೇ ಸಂತೆಯಲ್ಲಿ ಬಂದ ರೇಟಿಗೆ ಮಾರಿಬಿಡುತ್ತಾರೆ. ಹಕ್ಕಿಜ್ವರವಾಗಿದ್ದರೆ ಆ ಒಂದು ಸಂತೆ ಸಾಕು, ಹತ್ತು ಊರಿಗೆ ಹಂಚಲು. ಇದಕ್ಕೆ ಸರಕಾರದ ನಿಯಮದಲ್ಲೇ ಒಂದು ಉತ್ತರ ಇದೆ: ಕೇಂದ್ರ, ರಾಜ್ಯ ಸೇರಿ ಕೊಡುವ ಪರಿಹಾರ ಅಧಿಕಾರಿಗಳು ಕೊಲ್ಲಿಸಿದ ಕೋಳಿಗೆ ಸಿಗುತ್ತದೆ, ಅದಕ್ಕೂ ಮೊದಲೇ ಸತ್ತದ್ದಕ್ಕೆ ಸಿಗುವುದಿಲ್ಲ. ಬೇಗ ಹೇಳಿದವನಿಗೆ ಹೆಚ್ಚು ಕೋಳಿಯ ಹಣ, ತಡಮಾಡಿದವನಿಗೆ ಖಾಲಿ ಶೆಡ್ಡು. ಈ ಲೆಕ್ಕ ಪ್ರತಿ ಪಶು ದವಾಖಾನೆಯ ಗೋಡೆಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು, ಹಣ ಕೈಗೆ ಬೇಗ ಬರುವಂತೆಯೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಭೋಪಾಲದ ಪ್ರಯೋಗಾಲಯಕ್ಕೆ ಮಾದರಿ ಮುಟ್ಟುವ ಮೊದಲೇ ವೈರಸ್ಸು ಸಂತೆ ಮುಗಿಸಿ ಮುಂದಿನ ಊರಿಗೆ ಹೋಗಿರುತ್ತದೆ.